ಅಗ್ಗದ ಅಂಗಡಿಯ ಮುಂದೆ ಹಗ್ಗದ ಬುಟ್ಟಿ

ಹಳದಿ ಫಲಕದ ಅಗ್ಗದಂಗಡಿ ಸರಣಿಯ ಮಹಾವ್ಯವಸ್ಥಾಪಕರ ಸನ್ನಿಧಾನಕ್ಕೆ, ಅಲೆಕ್ಸಾಂಡ್ರಿಯಾದ ಮುಹರ್ರಮ್ ಬೇ ಬಡಾವಣೆಯ ನಾಲ್ಕನೇ ಮಹಡಿಯಿಂದ ಹೊಲಿಗೆ ಕೆಲಸದ ತಫೀದಾ ಮಾಡುವ ಸಲಾಮುಗಳು.

ಮಾನ್ಯರೇ,

ತಾವೂ ತಮ್ಮ ಮನೆಮಂದಿಯೂ ತಮ್ಮ ತಣ್ಣನೆಯ ಕಚೇರಿಯೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಂಪನಿ ನಮ್ಮ ಬೀದಿಯನ್ನು ಉದ್ಧಾರ ಮಾಡಲು ದಯಮಾಡಿಸಿ ವರ್ಷವಾಗುತ್ತ ಬಂದರೂ ನಾನು ಖುದ್ದಾಗಿ ಬಂದು ಕೃತಜ್ಞತೆ ಹೇಳಲಾಗಲಿಲ್ಲ. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ನನ್ನ ಮೊಣಕಾಲುಗಳಲ್ಲಿ ಶಕ್ತಿ ಇಲ್ಲ; ಮೆಟ್ಟಿಲಿಳಿಯುವುದು ಮದುವೆ ಅಥವಾ ಮಣ್ಣಿಗೆ ಮಾತ್ರ.

ತಾವು ಬರುವ ಮುಂಚೆ ನನ್ನ ಬಾಲ್ಕನಿಯ ನೇರ ಕೆಳಗೆ ಬಿಶಾಯ್ ಎಂಬವರ ದಿನಸಿ ಅಂಗಡಿಯಿತ್ತು. ಬೆಳಿಗ್ಗೆ ನಾನು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಬೇಕಾದ್ದನ್ನು ಕೂಗಿ ಹೇಳಿದರೆ, ಅವರು ರೊಟ್ಟಿ, ಬೇಯಿಸಿದ ಅವರೆ, ಚೀಸ್ ಇಟ್ಟು, ಚಿಲ್ಲರೆಯನ್ನು ಕಾಗದದಲ್ಲಿ ಸುತ್ತಿ, ಹಗ್ಗವನ್ನು ಒಮ್ಮೆ ಎಳೆದು ಸೂಚನೆ ಕೊಡುತ್ತಿದ್ದರು. ಚಳಿಗಾಲದ ಒಂದು ದಿನ ಬುಟ್ಟಿ ಇಳಿಯದೇ ಹೋದಾಗ ಅಂಗಡಿಯನ್ನು ಹಾಗೇ ತೆರೆದಿಟ್ಟು ಮೇಲೆ ಹತ್ತಿ ಬಂದು, ಜ್ವರದಲ್ಲಿ ಕನವರಿಸುತ್ತಿದ್ದ ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ವ್ಯಾಪಾರದ ಹೊತ್ತಿನಲ್ಲಿ ಗಲ್ಲಾ ಬಿಟ್ಟೇಳುವಂಥ ಈ ಅಶಿಸ್ತನ್ನು ತಮ್ಮಂಥ ಸಂಸ್ಥೆಯೇ ಬಂದು ತಿದ್ದಬೇಕಿತ್ತು, ಬಿಡಿ.

ತಾವು ಎದುರು ಸಾಲಿನಲ್ಲಿ ಮಳಿಗೆ ತೆರೆದಿರಿ. ತಮ್ಮ ಎಣ್ಣೆ ಅಗ್ಗ, ಸಕ್ಕರೆ ಅಗ್ಗ, ಇದರಲ್ಲಿ ಸುಳ್ಳೇನಿಲ್ಲ. ಕೈ ಬಿಗಿಯಿರುವ ಜನ ಅಗ್ಗದ ಕಡೆ ಹೋದರೆ ಅವರನ್ನು ದೂರಲು ನನಗೆ ಬಾಯಿಲ್ಲ. ಬೀದಿಯೆಲ್ಲ ತಮ್ಮತ್ತ ತಿರುಗಿತು. ಬಿಶಾಯ್ ಅವರ ಕಪಾಟುಗಳು ಬರಿದಾದವು. ಅವರ ಅಂಗಡಿ ಜಾಗದ ಮಾಲೀಕರು ಬಾಡಿಗೆ ಏರಿಸಿ ಅವರನ್ನು ಬಿಡಿಸಿದರು, ತಾವು ಆ ಜಾಗವನ್ನೂ ಹಿಡಿದು, ಗೋಡೆ ಒಡೆದು, ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲನ್ನು ಕೂರಿಸಿ ಎದುರಿನ ಮಳಿಗೆಯನ್ನು ಇಲ್ಲಿಗೇ ತಂದಿರಿ. ತಮ್ಮ ಔದಾರ್ಯಕ್ಕೆ ಎಣೆಯುಂಟೇ? ಅಂಗಡಿ ಕಳೆದುಕೊಂಡ ಮನುಷ್ಯನಿಗೆ ಅದೇ ಜಾಗದಲ್ಲಿ ಹಳದಿ ಅಂಗಿ ತೊಡಿಸಿ, ಡಬ್ಬಿ ಜೋಡಿಸುವ ಕೆಲಸವನ್ನೂ ಕೊಟ್ಟಿರಿ.

ಹೊಸ ಬಾಗಿಲು ತೆರೆದ ಬೆಳಿಗ್ಗೆ ನಾನು ಎಂದಿನಂತೆ ಬುಟ್ಟಿ ಇಳಿಬಿಟ್ಟೆ. ಬುಟ್ಟಿ ಗಾಳಿಗೆ ತೂಗಿದಾಗಲೆಲ್ಲ ತಮ್ಮ ಬಾಗಿಲು ಎರಡು ಪಕ್ಕಕ್ಕೆ ಸರಿದು ಅದನ್ನು ಬರಮಾಡಿಕೊಂಡಿತು. ಇಷ್ಟು ಸಂಸ್ಕಾರವಂತ ಬಾಗಿಲನ್ನು ನಾನು ಕಂಡಿರಲಿಲ್ಲ. ಆದರೆ ತಮ್ಮ ಶಾಖೆಯ ವ್ಯವಸ್ಥಾಪಕ ಹೈಸಮ್ ಹೊರಬಂದು, ಕತ್ತೆತ್ತಿ, ಬಹಳ ಮರ್ಯಾದೆಯಿಂದಲೇ ಹೇಳಿದ: “ತಪ್ಪು ತಿಳ್ಕೋಬೇಡಿ ಅಮ್ಮಾ, ಗ್ರಾಹಕರು ಒಳಗೆ ಬರ್ಬೇಕು. ಬುಟ್ಟಿನ ನಾವು ಗ್ರಾಹಕ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ.”

ಅಷ್ಟರಲ್ಲಿ ಬಿಶಾಯ್ ಒಳಗಿನಿಂದ ಬಂದು ಬುಟ್ಟಿಯಲ್ಲಿದ್ದ ಹಣ ತೆಗೆದುಕೊಂಡು, ತಮ್ಮ ಕಂಪನಿಯ ಗಲ್ಲಾದಲ್ಲೇ ಸಾಲು ನಿಂತು ಕಟ್ಟಿ, ಸಾಮಾನು ತುಂಬಿಸಿ ಹಗ್ಗ ಎಳೆದರು. ಕೆಲಸದ ಜಾಗ ಬಿಟ್ಟಿದ್ದೇಕೆಂದು ಹೈಸಮ್ ಕೇಳಿದ್ದಕ್ಕೆ, “ಆಯಮ್ಮನ ಮೊಣಕಾಲು ನಂಗೊತ್ತು ಮಗಾ, ನಿನ್ ಕಂಪನಿಗೆ ಗೊತ್ತಿಲ್ಲ,” ಎಂದರಂತೆ. ಮರುದಿನವೂ ಹಾಗೇ ಮಾಡಿದರು. ಆ ವಾರ ಕಳೆಯುವ ಮುನ್ನ ತಮ್ಮ ಕಚೇರಿಯಿಂದ ಆಜ್ಞೆ ಬಂದು ಅವರ ಹಳದಿ ಅಂಗಿ ಕಳಚಿತು. ಅಂಗಿಯನ್ನು ಮಡಿಸಿ ಕೊಟ್ಟು, ಯಾರತ್ತಲೂ ನೋಡದೆ ಬೀದಿಯಲ್ಲಿ ನಡೆದುಹೋದದ್ದನ್ನು ನಾನು ಮೇಲಿನಿಂದ ಕಂಡೆ. ಅಂದು ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ ನನಗೆ.

ಮಾರನೆಯ ಬೆಳಿಗ್ಗೆ ಮೂರನೇ ಮಹಡಿಯ ರತೀಬಾ, ತಮ್ಮ ಅಗ್ಗದ ಎಣ್ಣೆಯ ಪರಮ ಭಕ್ತೆ, ಬುಟ್ಟಿ ಇಳಿಬಿಟ್ಟಳು. ಅವಳ ಕಾಲುಗಳು ಚೆನ್ನಾಗಿಯೇ ಇವೆ. ಏನೇ ಇದು ಎಂದು ಕೇಳಿದರೆ, “ನಂಗೂ ಮೊಣಕಾಲು ನೋವು ಶುರುವಾಗಿದೆ ಸುಮ್ನಿರಿ,” ಎಂದಳು. ಆಮೇಲೆ ಎರಡನೇ ಮಹಡಿ, ಐದನೇ ಮಹಡಿ, ಪಕ್ಕದ ಕಟ್ಟಡ. ಇಡೀ ಬೀದಿಗೆ ಮೊಣಕಾಲು ನೋವು ಅಂಟಿತು. ತಮ್ಮ ಸಂಸ್ಕಾರವಂತ ಬಾಗಿಲು ಪ್ರತಿಯೊಂದು ಬುಟ್ಟಿಗೂ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮಧ್ಯಾಹ್ನದ ಹೊತ್ತಿಗೆ ತೆರೆದೇ ನಿಂತಿತು. ಒಳಗಿನ ತಂಪೆಲ್ಲ ಬೀದಿಪಾಲಾಗಿ, ಐಸ್‌ಕ್ರೀಮ್ ಕರಗಿ, ಹೈಸಮ್ ತಮಗೆ ಫೋನ್ ಮೇಲೆ ಫೋನ್ ಮಾಡಿದನಂತೆ. ಬುಟ್ಟಿಗಳ ಬಗ್ಗೆ ಕಂಪನಿಯಲ್ಲಿ ಯಾವ ವಿಭಾಗವೂ ಇಲ್ಲವೆಂಬ ಉತ್ತರ ಬಂದಿತಂತೆ.

ಕೊನೆಗೆ ರತೀಬಾಳ ಗಂಡ ಹೋಗಿ ಬಿಶಾಯ್ ಅವರನ್ನು ಮನೆಯಿಂದ ಕರೆತಂದ. ಅವರು ಬಾಲ್ಕನಿಯ ಕೆಳಗೆ, ತಮ್ಮ ಕಂಪನಿಯ ಮೆಟ್ಟಿಲು ಮುಗಿದು ಸರ್ಕಾರದ ಕಾಲುದಾರಿ ಶುರುವಾಗುವಲ್ಲಿ, ಬೆತ್ತದ ಕುರ್ಚಿ ಹಾಕಿ ಕುಳಿತರು. ಈಗ ಬುಟ್ಟಿಗಳು ಅವರ ಬಳಿ ಇಳಿಯುತ್ತವೆ. ಅವರು ಗ್ರಾಹಕರಾಗಿ ಒಳಹೋಗಿ, ಎಲ್ಲರ ಪರವಾಗಿ ಕೊಂಡು, ತುಂಬಿಸಿ ಕಳಿಸುತ್ತಾರೆ. ನಾವು ಅವರ ಕೈಗೆ ಏನಾದರೂ ಇಡುತ್ತೇವೆ. ಮೊಸರು ಹಳತಾಗಿದ್ದರೆ, “ಇವತ್ತು ಬೇಡ, ನಾಳೆ ನೋಡೋಣ,” ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹೀಗಾಗಿ ಮಾನ್ಯರೇ, ತಾವು ತಮ್ಮ ಖರ್ಚಿನಲ್ಲಿ ಬಾಡಿಗೆ, ವಿದ್ಯುತ್ತು, ಕಾವಲು ಎಲ್ಲ ಒದಗಿಸಿ, ಬಿಶಾಯ್ ಅವರಿಗೆ ಹಿಂದೆಂದೂ ಇರದಷ್ಟು ವಿಶಾಲವಾದ ಗೋದಾಮು ಕಟ್ಟಿಕೊಟ್ಟಂತಾಗಿದೆ. ಈ ಉಪಕಾರವನ್ನು ನಾವು ಮರೆಯಲಾರೆವು.

ಸಣ್ಣದೊಂದು ಕೋರಿಕೆ: ಬಾಗಿಲನ್ನು ಬೇಗ ದುರಸ್ತಿ ಮಾಡಿಸಿ. ಸಾಧ್ಯವಾದರೆ ನಮ್ಮ ಕಟ್ಟಡವನ್ನೂ ರಿಯಾಯಿತಿಯಲ್ಲಿ ಎರಡು ಮಹಡಿಯಷ್ಟು ತಗ್ಗಿಸಿಕೊಡಿ. ಹಗ್ಗ ಎಳೆದು ಕೈ ಸೋತಿದೆ.

ಇಂತಿ, ಮೇಲಿನಿಂದ ತಮ್ಮ ಶ್ರೇಯಸ್ಸನ್ನೇ ನೋಡುತ್ತಿರುವ
ತಮ್ಮ ವಿಶ್ವಾಸಿ,
ತಫೀದಾ

ತಾ.ಕ.: ಬಿಶಾಯ್ ಕುರ್ಚಿಯ ಕೆಳಗೆ ಹಳ್ಳಿಯಿಂದ ತರಿಸಿದ ಹಳೇ ಚೀಸಿನ ಒಂದು ಡಬ್ಬಿ ಇಟ್ಟಿದ್ದಾರೆ. ಅದರ ಖಾಯಂ ಗಿರಾಕಿ ತಮ್ಮ ಹೈಸಮ್. ಈ ಅಪರಾಧಕ್ಕೆ ಅವನನ್ನು ಕೆಲಸದಿಂದ ತೆಗೆಯುವ ವಿಚಾರವಿದ್ದರೆ ದಯವಿಟ್ಟು ಮೊದಲೇ ತಿಳಿಸಿ. ಕೆಳಗೆ ಇನ್ನೊಂದು ಕುರ್ಚಿಗೆ ಜಾಗ ಮಾಡಬೇಕಾಗುತ್ತದೆ.