ಎದುರುಮನೆಯವರು ಆಲ್ಪ್ಸ್‌ಗೆ ಹೊರಟಾಗ

ನಮ್ಮ ಕೆಂಡಲ್ ಪಾರ್ಕಿನ ಬೀದಿಯಲ್ಲಿ ಯಾರಾದರೂ ಹೊಸ ಕಾರು ತಂದರೆ ಸಾಕು, ಮಾರನೇ ದಿನದಿಂದ ಉಳಿದವರ ಮನೆ ಕಾರುಗಳೆಲ್ಲ ಏನೋ ಒಂದು ಸದ್ದು ಮಾಡೋಕೆ ಶುರುಮಾಡುತ್ತವೆ. ಒಬ್ಬರು ಮನೆ ಹಿಂದೆ ಮರದ ಡೆಕ್ ಕಟ್ಟಿಸಿದರೆ ಇನ್ನೊಬ್ಬರ ಹಿತ್ತಿಲು ಬೋಳುಬೋಳಾಗಿ ಕಾಣುತ್ತೆ. ಇದನ್ನು ಹೊಟ್ಟೆಕಿಚ್ಚು ಅಂತ ಯಾರೂ ಒಪ್ಪೋದಿಲ್ಲ. 'ನಾವೂ ಬಹಳ ದಿನದಿಂದ ಯೋಚನೆ ಮಾಡ್ತಾನೇ ಇದ್ವಿ' ಅಂತಾರೆ. ನಾನೂ ಹಾಗೆ ಅಂದವಳೇ. ವೈಟೂಕೆ ಅನ್ನೋ ಕಂಪ್ಯೂಟರ್ ಭೂತ ಏನೂ ಮಾಡದೆ ಹೊರಟುಹೋದ ವರ್ಷದ ಬೇಸಿಗೆ ಅದು. ನಾನು, ನನ್ನವರು ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೆವು. ಗ್ರೀನ್ ಕಾರ್ಡ್ ಆಗಷ್ಟೇ ಕೈಗೆ ಬಂದಿತ್ತು. ಮೈಸೂರಿನಿಂದ ಅತ್ತೆ ಬಂದು ನಮ್ಮ ಜೊತೆ ಇದ್ದರು. ಒಟ್ಟಿನಲ್ಲಿ ಸುಖವಾಗಿದ್ದೆ, ಎದುರುಮನೆಯವರು ಬಾಯಿ ಬಿಡೋವರೆಗೆ.

ಗಂಟಲಲ್ಲಿ ನಿಂತ ವಡೆ

ಎದುರುಮನೆಯವರು ಧಾರವಾಡದ ಕಡೆಯವರು. ಅವರ ಕಡೆ ಅತ್ತಿಗೆಗೆ ಅನ್ನೋ ಹಾಗೆ ಆಕೆಯನ್ನು ಬೀದಿಯವರೆಲ್ಲ ವೈನಿ ಅಂತಲೇ ಕರೆಯೋದು. ಬಹಳ ಒಳ್ಳೆಯವರು. ಅದೇ ಕಷ್ಟ. ಕೆಟ್ಟವರನ್ನು ನೋಡಿ ಹೊಟ್ಟೆ ಉರಿದರೆ ಪಾಪ ಅನ್ನಿಸೋದಿಲ್ಲ.

ಒಂದು ಭಾನುವಾರ ಅವರ ಮನೆಗೆ ತಿಂಡಿಗೆ ಹೋಗಿದ್ದೆವು. ಸಾಬೂದಾಣಿ ವಡೆ ಬಡಿಸುತ್ತಾ ವೈನಿ ಅಂದರು, "ಈ ಸಲ ಬ್ಯಾಸಿಗಿ ರಜಾಕ್ಕ ಆಲ್ಪ್ಸ್‌ಗೆ ಹೊಂಟೇವ್ರೀ."

"ಓ, ಸ್ವಿಟ್ಜರ್ಲೆಂಡ್ ನೋಡೋಕಾ?"

"ಬರೇ ನೋಡ್ಲಿಕ್ಕೆ ಅಲ್ರೀ. ಮಲ್ಟಿ-ಆಕ್ಟಿವಿಟಿ ಹಾಲಿಡೇ. ಒಂದಿನ ಪ್ಯಾರಾಗ್ಲೈಡಿಂಗ್, ಒಂದಿನ ಹೊಳಿಯೊಳಗ ರಾಫ್ಟಿಂಗ್, ಮತ್ತ ಗುಡ್ಡದ ಮ್ಯಾಲೆ ಸೈಕಲ್ಲು, ಬಂಡಿಗಲ್ಲು ಹತ್ತೂದು..."

ವಡೆ ಗಂಟಲಲ್ಲೇ ನಿಂತುಬಿಟ್ಟಿತು. ಹಿಂದಿನ ಬೇಸಿಗೆಯಲ್ಲಿ ನಾವು ಮಾಡಿದ್ದ ಮಲ್ಟಿ-ಆಕ್ಟಿವಿಟಿ ಅಂದರೆ ಪುಳಿಯೋಗರೆ ಕಟ್ಟಿಕೊಂಡು ನಯಾಗರಕ್ಕೆ ಡ್ರೈವ್ ಮಾಡಿದ್ದು, ಪುಳಿಯೋಗರೆ ತಿಂದದ್ದು, ವಾಪಸ್ ಡ್ರೈವ್ ಮಾಡಿದ್ದು. ನೀರು ಕುಡಿದು ಸುಧಾರಿಸಿಕೊಂಡು, "ಅಯ್ಯೋ, ಎಂಥಾ ಕೋಇನ್ಸಿಡೆನ್ಸ್! ನಾವೂ ಅಲ್ಲಿಗೇ ಹೋಗ್ತಾ ಇದೀವಿ" ಅಂದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ನನ್ನವರು ತಲೆ ಎತ್ತಿ, "ಎಲ್ಲಿಗೆ?" ಅಂದರು.

ಮೇಜಿನ ಕೆಳಗೆ ಅವರ ಕಾಲು ತುಳಿದು, "ಆಲ್ಪ್ಸ್‌ಗೆ" ಅಂದೆ.

ನಮ್ಮ ಹುಡುಗ ವಿಡಿಯೋ ಗೇಮ್ ಬಿಟ್ಟು ಓಡಿ ಬಂದ. "ಡ್ಯಾಡ್, ಆರ್ ವಿ ರಿಯಲೀ ಗೋಯಿಂಗ್ ಟು ದಿ ಆಲ್ಪ್ಸ್?"

ನನ್ನವರು ಕಾಲು ಉಜ್ಜಿಕೊಳ್ಳುತ್ತಾ, "ಹೋಗ್ತಾ ಇದೀವಂತೆ ಕಣೋ. ನನಗೂ ಈಗಲೇ ಗೊತ್ತಾಗಿದ್ದು" ಅಂದರು.

ಬಸ್ಸಿನೊಳಗಿನ ಆಕ್ಟಿವಿಟಿ

ಮುಂದಿನ ಶನಿವಾರವೇ ನನ್ನವರನ್ನು ಎಳೆದುಕೊಂಡು ಇಂಡಿಯನ್ ಅಂಗಡಿಗಳೇ ತುಂಬಿರೋ ಜ್ಯಾಕ್ಸನ್ ಹೈಟ್ಸ್‌ಗೆ ಹೋದೆ. ಅಲ್ಲಿ ಒಂದು ಅಂಗಡಿ ಇತ್ತು. ಎಡಗಡೆ ಸೀರೆ, ಬಲಗಡೆ ವಿಮಾನದ ಟಿಕೆಟ್ಟು. ಎರಡಕ್ಕೂ ಒಬ್ಬನೇ ಮನುಷ್ಯ. ಹಿಂದಿ ಇಂಗ್ಲಿಷು ಕಲಸಿ ಮಾತಾಡೋನು.

"ಆಲ್ಪ್ಸ್ ತಾನೇ ಸಿಸ್ಟರ್? ಫಸ್ಟ್ ಕ್ಲಾಸ್ ಟೂರ್ ಇದೆ. ಏಸಿ ಬಸ್ಸು, ಎರಡು ಹೊತ್ತೂ ಬಿಸಿ ರೋಟಿ. ಸಿನಿಮಾ ಹಾಡು ತೆಗೆದ ಜಾಗದಲ್ಲೆಲ್ಲ ನಿಲ್ಲಿಸ್ತೀವಿ."

"ನಮಗೆ ಆಕ್ಟಿವಿಟಿ ಬೇಕು" ಅಂದೆ.

"ಇದೆಯಲ್ಲ! ಬಸ್ಸಲ್ಲಿ ದಿನಾ ಅಂತ್ಯಾಕ್ಷರಿ."

"ಅದಲ್ಲ. ಬಸ್ಸಿಂದ ಇಳಿದು ಮಾಡೋ ಆಕ್ಟಿವಿಟಿ."

ಆತ ಗಲ್ಲ ಕೆರೆದುಕೊಂಡು ಯೋಚಿಸಿದ. "ಶಾಪಿಂಗ್."

"ಬೆಟ್ಟ ಹತ್ತೋದು, ಹೊಳೆಯಲ್ಲಿ ತೇಲೋದು, ಅಂಥದ್ದು!"

ಆತನ ಮುಖದಲ್ಲಿ ನಿಜವಾದ ಕನಿಕರ ಕಾಣಿಸಿತು. ನನ್ನವರ ಕಡೆ ತಿರುಗಿ, "ಬ್ರದರ್, ಅಷ್ಟು ದೂರ ಹೋಗಿ ಕಷ್ಟಪಡೋದ್ಯಾಕೆ? ಸಿಸ್ಟರ್‌ಗೆ ಬೇಜಾರಾಗಿರೋ ಹಾಗಿದೆ. ಒಂದು ಸೀರೆ ಕೊಡಿಸಿಬಿಡಿ" ಅಂದ. ನನ್ನವರಿಗೆ ಈ ಸಲಹೆ ಎಷ್ಟು ಹಿಡಿಸಿತೆಂದರೆ ತಕ್ಷಣ ಕೊಡಿಸಿಯೇ ಬಿಟ್ಟರು.

ಚೀಲ ಹಿಡಿದು ಮನೆ ಮುಂದೆ ಇಳಿದಾಗ ವೈನಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ಬೇಡವೆಂದರೂ ಚೀಲದೊಳಗೆ ಇಣುಕಿ ನೋಡಿದರು.

"ಭಾಳ ಛಂದ ಅದರೀ. ಇದನ್ನ ರಾಫ್ಟಿಂಗಿಗೆ ಉಡತೀರೋ, ಪ್ಯಾರಾಗ್ಲೈಡಿಂಗಿಗೋ?"

ಕಾರ್‌ಪೂಲಿನ ಗುಟ್ಟು

ವೈನಿಯವರು ಬುಕ್ ಮಾಡಿದ್ದ ಜಾಗ ಯಾವುದು ಅಂತ ನಾನು ಎಷ್ಟು ಬಗೆಯಲ್ಲಿ ಕೇಳಿದರೂ ಆಕೆ ಹೇಳಲಿಲ್ಲ. "ಹೆಸರು ಭಾಳ ಉದ್ದ ಅದರೀ, ನಾಲಿಗಿ ಹೊರಳೂದಿಲ್ಲ" ಅಂತ ಜಾರಿಕೊಳ್ಳೋರು. ಸಹಸ್ರನಾಮವನ್ನು ಬಾಯಿಪಾಠ ಹೇಳೋ ನಾಲಿಗೆ ಅದು!

ನಾನೂ ಬಿಡಲಿಲ್ಲ. ರವೆ ಉಂಡೆ ಕೊಟ್ಟು ಕೇಳಿದೆ. ಅವರ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡೋವಾಗ ಕೇಳಿದೆ. ಅವಳು ಹೆಡ್‌ಫೋನ್ ತೆಗೆಯದೆ "ಸಮ್ ಪ್ಲೇಸ್ ವಿತ್ ಕೌಸ್, ಆಂಟಿ" ಅಂದಳು. ಹಸು ಇಲ್ಲದ ಊರು ಆಲ್ಪ್ಸ್‌ನಲ್ಲಿ ಯಾವುದಿದೆ?

ಒಂದು ಸಂಜೆ ನನ್ನವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ, "ಅಂದಹಾಗೆ ಆಲ್ಪ್ಸ್ ಬುಕ್ ಆಯ್ತು" ಅಂದರು. ನನ್ನ, ವೈನಿಯ ಗಂಡಂದಿರಿಬ್ಬರೂ ಮಾರಿಸ್‌ಟೌನಿಗೆ ಒಂದೇ ಕಾರಿನಲ್ಲಿ ಕಮ್ಯೂಟ್ ಮಾಡುತ್ತಿದ್ದರು. ಟ್ರಾಫಿಕ್ಕಿನಲ್ಲಿ ಇವರು ಸುಮ್ಮನೆ ಕೇಳಿದರಂತೆ, ಅವರು ಸುಮ್ಮನೆ ಹೇಳಿದರಂತೆ. ಅಷ್ಟೇ ಅಲ್ಲ, ಅವರೇ ಲಾಡ್ಜಿನವನಿಗೆ ಫೋನ್ ಮಾಡಿ ಪಕ್ಕದ ರೂಮನ್ನು ನಮಗೆ ಕೊಡಿಸಿದ್ದರು. ಅತ್ತೆ ಊರಿಗೆ ವಾಪಸ್ ಹೋಗೋ ವಿಮಾನವೂ ಯೂರೋಪಿನ ಮೇಲೆಯೇ ಇದ್ದದ್ದರಿಂದ, ಅವರೂ ಜೊತೆಗೆ ಬಂದು ಅಲ್ಲಿಂದ ಹಾಗೇ ಮುಂದೆ ಹೋಗೋದು ಅಂತಲೂ ಕಾರಲ್ಲೇ ತೀರ್ಮಾನವಾಗಿತ್ತು.

ಎದುರುಮನೆಯಿಂದ ವೈನಿ ಬಂದರು. "ಭಾಳ ಛಲೋ ಆತು ನೋಡ್ರಿ, ಎಲ್ಲಾರೂ ಕೂಡೇ ಹೋಗೂದು" ಅಂತ ಹಾಗಲಕಾಯಿ ಕಚ್ಚಿದವರ ಹಾಗೆ ನಕ್ಕರು. ನಾನೂ ಹಾಗೇ ನಕ್ಕೆ.

ಅವರು ಹೋದ ಮೇಲೆ ನನ್ನವರನ್ನು ಕೇಳಿದೆ, "ಅಲ್ಲ, ನಿಮ್ಮ ಗಂಡಸರಿಗೆ ಹೊಟ್ಟೆಕಿಚ್ಚು ಅನ್ನೋದೇ ಆಗಲ್ವಾ?"

"ಯಾಕಾಗಲ್ಲ? ಅವರ ಕಾರಿನ ಸೀಟಿಗೆ ಹೀಟರ್ ಇದೆ ಕಣೇ!" ಅಂದರು. ಆ ದನಿಯಲ್ಲಿದ್ದ ಸಂಕಟ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಅಕ್ಕಿ ಹೊತ್ತವರು

ವೈನಿಯ ಯಜಮಾನರು ಬೆನ್ನಿಗೆ ಭಾರದ ಚೀಲ ಹಾಕಿಕೊಂಡು ಬೆಳಿಗ್ಗೆ ವಾಕಿಂಗ್ ಶುರುಮಾಡಿದರು. ಹೈಕಿಂಗಿಗೆ ಪ್ರಾಕ್ಟೀಸು. ಕಿಟಕಿಯಿಂದ ನೋಡಿದವಳೇ ನನ್ನವರನ್ನೂ ಎಬ್ಬಿಸಿದೆ. ಚೀಲಕ್ಕೆ ತುಂಬೋಕೆ ಏನೂ ಸಿಗದೆ ಸೋನಾ ಮಸೂರಿ ಮೂಟೆಯನ್ನೇ ಅದರೊಳಗೆ ತುರುಕಿ ಕಳಿಸಿದೆ. ಮೂಟೆಯ ಅರ್ಧ ಭಾಗ ಹೊರಗೇ ಇತ್ತು.

ಬೀದಿಯ ಕೊನೆಯ ಮನೆಯ ಆಂಟಿ ನೋಡಿ, "ಎಲ್ಲಿ ಸೇಲ್?" ಅಂದರಂತೆ. ಇವರಿಗೆ ಏದುಸಿರು. ಮಾತಾಡೋಕಾಗದೆ ಕೈಯಲ್ಲಿ ಮುಂದಿನ ತಿರುವು ತೋರಿಸಿ, 'ಅಲ್ಲೀವರೆಗೆ ಹೋಗಿ ಬರ್ತೀನಿ' ಅಂತ ಸನ್ನೆ ಮಾಡಿದ್ದಾರೆ.

ಸಂಜೆ ಆ ತಿರುವಿನಾಚೆಯ ಇಂಡಿಯನ್ ಅಂಗಡಿಗೆ ಹೋದರೆ ನಮ್ಮ ಬೀದಿಯ ಅರ್ಧ ಜನ ಅಲ್ಲೇ ಇದ್ದರು. ಎಲ್ಲರ ಗಾಡಿಯಲ್ಲೂ ಅಕ್ಕಿ ಮೂಟೆ. ಅಂಗಡಿಯವನು ಆ ಅವಸರ ನೋಡಿ ರೇಟು ಏರಿಸಿದ್ದ. ಕೊನೆಮನೆ ಆಂಟಿ ನನ್ನನ್ನು ನೋಡಿ, "ನಿಮಗೆ ಮಾತ್ರ ಬೆಳಿಗ್ಗೇನೇ ಚೀಪಾಗಿ ಸಿಕ್ತು, ಪುಣ್ಯವಂತರಮ್ಮ!" ಅಂತ ನಿಟ್ಟುಸಿರು ಬಿಟ್ಟರು.

ಗೋಡೆ ಹತ್ತಿದ ಗಂಡ

ಬಂಡೆ ಹತ್ತೋದನ್ನು ಕಲಿಸೋ ಒಂದು ಜಿಮ್ ಇತ್ತು. ಎತ್ತರದ ಗೋಡೆ, ಅದಕ್ಕೆ ಹಿಡಿದು ಹತ್ತೋಕೆ ಬಣ್ಣಬಣ್ಣದ ಗುಬುಟು, ಸೊಂಟಕ್ಕೆ ಹಗ್ಗ. ವೈನಿಯ ಯಜಮಾನರು ಅರ್ಧ ಹತ್ತಿ ಇಳಿದಿದ್ದರು ಅಂತ ಗೊತ್ತಾಯಿತು. ನನ್ನವರು ಪೂರ್ತಿ ಹತ್ತಲೇಬೇಕು ಅಂತ ನಾನು ಪಟ್ಟು ಹಿಡಿದೆ.

ಹತ್ತಿಯೇಬಿಟ್ಟರು! ಕೆಳಗಿದ್ದ ಅಮೆರಿಕನ್ನರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ, ವೈನಿ ಇಲ್ಲವಲ್ಲ ಅಂತ ಬೇಜಾರಾಯಿತು. ಆದರೆ ನನ್ನವರು ಇಳಿಯಲಿಲ್ಲ. ಹಲ್ಲಿಯ ಹಾಗೆ ಅಂಟಿಕೊಂಡೇ ಇದ್ದರು. ಹಗ್ಗ ಹಿಡಿದಿದ್ದ ಹುಡುಗಿ, "ಜಸ್ಟ್ ಲೆಟ್ ಗೋ, ಸರ್! ಲೆಟ್ ಗೋ!" ಅಂತ ಕೂಗಿದಳು.

ನಾನೂ ಕೂಗಿದೆ, "ಕೈ ಬಿಡಬೇಕಂತೆ ರೀ! ಅವಳು ಹಿಡ್ಕೋತಾಳಂತೆ!"

ಮೇಲಿಂದ ಉತ್ತರ ಬಂತು. "ಅವಳ ಮಾತು ನಂಬಬೇಡ! ನಮ್ಮ ಮ್ಯಾನೇಜರೂ ಹೋದ ತಿಂಗಳು ಒಬ್ಬನಿಗೆ 'ಲೆಟ್ ಗೋ' ಅಂತಾನೇ ಅಂದಿದ್ದು. ಅವನಿನ್ನೂ ಕೆಲಸ ಹುಡುಕ್ತಾ ಇದಾನೆ!"

ತೂಕ

ಹೊರಡೋಕೆ ಸ್ವಲ್ಪ ದಿನ ಇರೋವಾಗ ಲಾಡ್ಜಿನ ಮಾಲೀಕ ಫೋನ್ ಮಾಡಿದ. ನಮ್ಮ ಅಡುಗೆಮನೆಯಲ್ಲಿ ವೈನಿಯೂ ಇದ್ದರು. ಸ್ಪೀಕರ್ ಹಾಕಿದೆ. ಪ್ಯಾರಾಗ್ಲೈಡಿಂಗಿನಲ್ಲಿ ಒಬ್ಬೊಬ್ಬರ ಹಿಂದೆ ಒಬ್ಬ ಪೈಲಟ್ ಇರ್ತಾನೆ, ತೂಕಕ್ಕೆ ತಕ್ಕ ಗ್ಲೈಡರ್ ಇಡಬೇಕು, ಇಬ್ಬರು ಲೇಡೀಸ್ ತೂಕ ಎಷ್ಟು ಅಂತ ಕೇಳಿದ.

ನಾವಿಬ್ಬರೂ ಉಸಿರೆಳೆದು ಹೊಟ್ಟೆ ಒಳಗೆ ಸೇರಿಸಿಕೊಂಡೆವು. ಮೂಲೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ನೀವು ಹೇಳ್ರಿ ಮೊದಲ" ಅಂದರು ವೈನಿ.

"ಇಲ್ಲ ಇಲ್ಲ, ನೀವು ದೊಡ್ಡವರು."

"ಸಿಕ್ಸ್ಟಿ ಕೇಜಿ" ಅಂದರು ವೈನಿ, ಕಿಟಕಿಯ ಕಡೆ ನೋಡುತ್ತಾ.

ಆಕೆ ಅರವತ್ತಾದರೆ ನಾನೇನು ಕಡಿಮೆಯೇ? "ಫಿಫ್ಟಿ ಸೆವೆನ್" ಅಂದೆ.

"ಅಲ್ರೀ, ನಾ ಹೇಳಿದ್ದು ಕೋಟು ಹಾಕ್ಕೊಂಡಾಗಿಂದು. ಕೋಟು ಬಿಟ್ಟರ ಫಿಫ್ಟಿ ಫೋರ್."

"ನಂದು ಊಟ ಆದ ಮೇಲಿಂದು. ಖಾಲಿ ಹೊಟ್ಟೆಯಲ್ಲಿ ಫಿಫ್ಟಿ."

"ಶ್ರಾವಣದಾಗ ನಾ ಉಪವಾಸ ಇರತೇನ್ರಿ. ಫಾರ್ಟಿ ಏಯ್ಟ್!"

ನನ್ನವರು ಕಾಫಿ ಲೋಟ ತಗೊಂಡು ಮೆಲ್ಲಗೆ ಆಚೆ ಹೋದರು. ಫೋನಿನಲ್ಲಿ ಮಾಲೀಕ ಬಹಳ ಸಂತೋಷಪಟ್ಟ. "ವಂಡರ್‌ಫುಲ್! ಹಾಗಾದರೆ ಇಬ್ಬರಿಗೂ ಮಕ್ಕಳ ಗ್ಲೈಡರ್ ಇಡ್ತೀನಿ" ಅಂದ. ಇಬ್ಬರೂ ಬೇಡ ಅನ್ನಲಿಲ್ಲ. ಹೇಗೆ ಅನ್ನೋದು?

ಆಲ್ಪ್ಸ್‌ಗೆ ಹೋದೆವು. ಬೆಟ್ಟದ ತುದಿ, ಹಸಿರು ಹುಲ್ಲು, ದೂರದಲ್ಲಿ ಹಿಮ. ಗಂಡಸರಿಬ್ಬರೂ ದೊಡ್ಡ ಗ್ಲೈಡರುಗಳಲ್ಲಿ ಆಗಲೇ ಹಾರಿಹೋಗಿದ್ದರು. ನಮ್ಮ ಸರದಿ ಬಂದಾಗ ಪೈಲಟ್ ಹುಲ್ಲಿನ ಮೇಲೆ ಒಂದು ತೂಕದ ಮಷೀನು ತಂದಿಟ್ಟ. ಹಾರೋಕೆ ಮುಂಚೆ ಎಲ್ಲರೂ ಹತ್ತಲೇಬೇಕಂತೆ.

ನಾನು ಹತ್ತಿದೆ. ಪೈಲಟ್ ಮುಳ್ಳನ್ನು ನೋಡಿದ, ನನ್ನನ್ನು ನೋಡಿದ, ಮಕ್ಕಳ ಗ್ಲೈಡರನ್ನು ನೋಡಿದ. "ಮಷೀನು ಕೆಟ್ಟಿರಬೇಕು" ಅಂದೆ. ಆತ ತಾನೇ ಹತ್ತಿ ಪರೀಕ್ಷೆ ಮಾಡಿ, ಸರಿಯಾಗೇ ಇದೆ ಅಂತ ತಲೆ ಆಡಿಸಿದ.

ವೈನಿಗೆ ನನ್ನ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು. "ಹೌದ್ರಿ, ಇಷ್ಟು ಎತ್ತರದಾಗ ಮಷೀನು ಹೆಚ್ಚಿಗಿನ ತೋರಸ್ತಾವ. ನನಗೂ ಯಾಕೋ ತಲಿ ತಿರುಗಲಿಕ್ಕತ್ತದ" ಅಂದು ಮಷೀನಿನ ಹತ್ತಿರವೂ ಹೋಗದೆ ಹುಲ್ಲಿನ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

ಒಂದು ಗ್ಲೈಡರಿನಲ್ಲಿ ನಮ್ಮ ಹುಡುಗ ಹೋದ. ವೈನಿಯ ಮಗಳು ಹೆಡ್‌ಫೋನ್ ತೆಗೆಯದೆ 'ನೋ' ಅಂದಳು, ಇನ್ನೊಂದು ಉಳಿಯಿತು. ಆಗ ಹಿಂದಿನಿಂದ ದನಿ ಬಂತು. "ದುಡ್ಡು ಕೊಟ್ಟಾಗಿದೆ ತಾನೇ? ವೇಸ್ಟ್ ಯಾಕೆ ಮಾಡೋದು?"

ಅತ್ತೆ! ನುಗ್ಗೇಕಾಯಿಯ ಹಾಗಿದ್ದ ನಮ್ಮತ್ತೆ ಮಂಕಿ ಕ್ಯಾಪ್ ಸರಿಮಾಡಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಕೆಳಗೆ ಹಾಕಿಕೊಂಡಿದ್ದ ಮೊಮ್ಮಗನ ಟ್ರ್ಯಾಕ್ ಪ್ಯಾಂಟಿನಲ್ಲಿ ಧೀರವಾಗಿ ನಡೆದು ಬಂದು ಮಷೀನು ಹತ್ತಿದರು. ಪೈಲಟ್ ಮುಳ್ಳು ನೋಡಿ ಹೆಬ್ಬೆರಳು ಎತ್ತಿದ. ನಾನು "ಅತ್ತೆ, ಬೇಡ..." ಅನ್ನೋದರೊಳಗೆ ಅತ್ತೆ, ಪೈಲಟ್ ಇಬ್ಬರೂ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿ ಗಾಳಿಗೆ ಏರಿಬಿಟ್ಟರು. ಗಾಳಿ ಮೇಲ್ಮುಖವಾಗಿತ್ತೋ ಏನೋ, ನಮ್ಮ ತಲೆಯ ಮೇಲೇ ಸುತ್ತುತ್ತಾ ಸುತ್ತುತ್ತಾ ಮೇಲೆ ಹೋದರು.

ವೈನಿ, ನಾನು ಬಾಯಿ ತೆರೆದು ನೋಡುತ್ತಾ ಕೂತೆವು. ಇಬ್ಬರಿಗೂ ಒಂದೇ ಸಲ ಒಬ್ಬರನ್ನೇ ನೋಡಿ ಹೊಟ್ಟೆ ಉರಿದದ್ದು ಅದೇ ಮೊದಲು. ಆಕೆ ನನ್ನ ಕೈ ಹಿಡಿದುಕೊಂಡರು. ನಾನೂ ಬಿಡಲಿಲ್ಲ.

ರೋಪ್‌ವೇಯಲ್ಲಿ ಕೆಳಗಿಳಿದು ಬರೋ ಹೊತ್ತಿಗೆ ಅತ್ತೆ ಇಳಿದು, ಹೆಲ್ಮೆಟ್ ತೆಗೆದು, ಪೈಲಟ್ ಕೊಟ್ಟ ಚಾಕೊಲೇಟ್ ತಿನ್ನುತ್ತಾ ನಿಂತಿದ್ದರು.

"ಹೇಗಿತ್ತು ಅತ್ತೆ?" ಅಂದೆ, ಎಷ್ಟು ಸಾಧ್ಯವೋ ಅಷ್ಟು ಪ್ರೀತಿಯಿಂದ.

ಅತ್ತೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಚೆನ್ನಾಗಿತ್ತು ಕಣ್ರೇ. ಅವತ್ತು ಫೋನಲ್ಲಿ ನೀವು ಹೇಳಿದ್ದು ಸುಳ್ಳು ಅಂದ್ಕೊಂಡಿದ್ದೆ, ತಪ್ಪು ನಂದೇ. ಮೇಲಿಂದ ನೋಡಿದರೆ ಇಬ್ಬರೂ ತುಂಬಾನೇ ಸಣ್ಣಗೆ ಕಾಣ್ತೀರಿ."