ಹನ್ನೆರಡು ಸೀಡಿ, ಒಂದು ಎಂಟರ್

ಹೆದರುವವರ ಮೇಲೆಯೇ ಹಾವು ಎಸೆಯುತ್ತಾರೆ ಅನ್ನುವ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು. ಜಿರಲೆ ಕಂಡರೆ ಕುರ್ಚಿ ಹತ್ತುವ, ಗ್ಯಾಸ್ ಹಚ್ಚುವಾಗ ಕಣ್ಣು ಮುಚ್ಚುವ ನನಗೆ, ಒಂದಕ್ಷರ ತಪ್ಪಿದರೆ ಎಲ್ಲ ಅಳಿಸಿಹೋಗುವಂಥ ಕೆಲಸವೇ ಸಿಕ್ಕಿತು. ಸಿಕ್ಕ ದಿನದಿಂದ ಒಂದಿಲ್ಲೊಂದು ನಡೆಯುತ್ತಲೇ ಬಂದಿದೆ.

ಕೆಲಸ ಧಾರವಾಡದ ಒಂದು ಕಚೇರಿಯಲ್ಲಿ. ಹೆಸರು ಬೇಡ. ಹಳೆಯ ಶಾಲೆಗಳ ದಾಖಲಾತಿ ರಜಿಸ್ಟರುಗಳ ಪುಟಪುಟದ ಫೋಟೊ ತೆಗೆಸಿ ಹನ್ನೆರಡು ಸೀಡಿಗಳಲ್ಲಿ ತುಂಬಿಟ್ಟಿದ್ದಾರೆ. ಅವುಗಳ ನಕಲು ತೆಗೆದು ಬೆಂಗಳೂರಿನ ಮೇಲಿನ ಕಚೇರಿಗೆ ಕಳಿಸುವುದು ನನ್ನ ಪಾಲಿನದು. ಈ ಕಾಲದಲ್ಲಿ ಸೀಡಿ ಯಾಕೆ ಅಂತ ಕೇಳಬೇಡಿ. ಸುತ್ತೋಲೆಯಲ್ಲಿ 'ಸೀಡಿ' ಅಂತ ಬರೆದಿದೆ, ಆ ಸುತ್ತೋಲೆ ಇನ್ನೂ ರದ್ದಾಗಿಲ್ಲ.

ನಾನು ಗುತ್ತಿಗೆಯವಳು. ಹನ್ನೊಂದು ತಿಂಗಳಿಗೊಮ್ಮೆ ಹೊಸ ಆದೇಶ ಆಗಬೇಕು. 'ನಕಲುಗಳು ಸರಿಯಾಗಿವೆ' ಅಂತ ಮೇಲಿನಿಂದ ಪತ್ರ ಬಂದರೆ ನಮ್ಮ ಸಾಹೇಬರು ಆದೇಶಕ್ಕೆ ಸಹಿ ಮಾಡುತ್ತಾರೆ. ಬರದಿದ್ದರೆ ನಾನು ಕೇಶ್ವಾಪುರದ ಮನೆಯಲ್ಲಿ ಅತ್ತೆಯವರ ಎದುರು ಶೇಂಗಾ ಸುಲಿಯುತ್ತ ಕೂಡಬೇಕು. ಅತ್ತೆಯವರು ಕೆಟ್ಟವರಲ್ಲ. ಆದರೆ ಶೇಂಗಾ ಸುಲಿಯುವಾಗ ಅವರು ಹೇಳುವ ಕಥೆಗಳೆಲ್ಲ ನನಗೆ ಬಾಯಿಪಾಠ ಆಗಿವೆ.

೧. ಚೀಟಿ

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಹಿರಿಯರು ನಿವೃತ್ತರಾಗುವ ದಿನ ಚಾರ್ಜು ಕೊಡಲು ಕೂತರು. ಕಚೇರಿಯ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಮೌಸ್ ಒತ್ತಿದರೆ ಸೀಡಿ ಬರೆಯುವಂಥ ಯಾವ ಪ್ರೋಗ್ರಾಮೂ ಅದರಲ್ಲಿ ಏಳುವುದಿಲ್ಲ. ಕಪ್ಪು ತೆರೆ, ಬಿಳಿ ಅಕ್ಷರ. ಬೇಕಾದ್ದನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಆ ಸಾಲನ್ನು ಅವರು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು.

"ನೋಡ್ರಿ, ಈ ಕಡೆ ಎಲ್ಲಿಂದ ಓದಬೇಕು ಅನ್ನೂದು. ಈ ಕಡೆ ಎಲ್ಲಿ ಬರೀಬೇಕು ಅನ್ನೂದು."

"ಬರಿಯೂ ಕಡೆ ಒಂದಕ್ಷರ ತಪ್ಪಿದ್ರ ಏನಾಗ್ತದ್ರಿ?"

"ಏನಿಲ್ಲ. ಕಂಪ್ಯೂಟರಿನ್ಯಾಗ ಇದ್ದದ್ದನ್ನೆಲ್ಲಾ ಒರಸಿ, ಅದರ ಮ್ಯಾಲೆ ಬರದು ಬಿಡ್ತದ."

ನಾನು ಕೀಲಿಮಣೆಯಿಂದ ಕೈ ಹಿಂದೆ ತೆಗೆದೆ. "ಖರೇನ ಒರಸ್ಲೇನು ಅಂತ ಒಂದು ಮಾತು ಕೇಳೂದಿಲ್ಲೇನ್ರಿ?"

"ಕೇಳೂದಿಲ್ಲ. ಭಾಳ ಮರ್ಯಾದಸ್ತ ಅದ. ಹೇಳಿದ್ದು ಮಾಡಿ ಸುಮ್ಮನ ಕೂಡ್ತದ."

ಆಮೇಲೆ ಅವರು ಚಪ್ಪಲಿ ಬಿಟ್ಟು, ಮಾನಿಟರಿಗೆ ಕೈ ಮುಗಿದು, ಎಂಟರ್ ಒತ್ತಿದರು. ಇಷ್ಟು ವರ್ಷ ಹೀಗೆಯೇ ಮಾಡಿದ್ದಾರಂತೆ.

"ಒಮ್ಮೆನೂ ತಪ್ಪಿಲ್ಲೇನ್ರಿ ಸರ್?"

"ಒಂದ ಸಲ ತಪ್ಪಿತ್ತು. ಅವತ್ತ ಬೂಟು ಹಾಕ್ಕೊಂಡು ಬಂದಿದ್ದೆ, ಬಿಚ್ಚಾಕ ಬ್ಯಾಸರಾತು."

೨. ತೆರೆಯ ಬಣ್ಣ

ನಮ್ಮ ಸಾಹೇಬರು ಧೈರ್ಯಸ್ಥರು ಅಂತ ನಾನು ತಿಳಿದಿದ್ದೆ. ಒಂದು ಬೆಳಿಗ್ಗೆ ನಾನು ಸೀಡಿ ಬರೆಯಲು ಹಚ್ಚಿ, ಉಸಿರು ಬಿಗಿಹಿಡಿದು ನೋಡುತ್ತ ಕೂತಿದ್ದೆ. ಕಪ್ಪು ತೆರೆಯ ಮೇಲೆ ಬಿಳಿ ಅಂಕಿಗಳು ಓಡುತ್ತಿದ್ದವು. ಫೈಲು ಹಿಡಿದು ಒಳಗೆ ಬಂದ ಸಾಹೇಬರು ಅದನ್ನು ನೋಡಿ ಬಾಗಿಲಲ್ಲೇ ನಿಂತರು.

"ಮೇಡಂ! ಕೈ ತಗೀರಿ! ಯಾರೋ ಒಳಗ ಹೊಕ್ಕಾರ!"

ನಾನು ಯಾರೋ ಕಳ್ಳ ಬಂದನೆಂದು ತಿಳಿದು ಮೇಜಿನ ಕೆಳಗೆ ಕುಸಿದೆ. ಸಾಹೇಬರು ಒಂದೇ ಜಿಗಿತಕ್ಕೆ ಗೋಡೆಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದರು. ಫ್ಯಾನು, ದೀಪ, ಪಕ್ಕದ ಕೋಣೆಯ ಝೆರಾಕ್ಸ್ ಎಲ್ಲ ನಿಂತವು. ಅರ್ಧ ಬರೆದ ಸೀಡಿ ಹಾಳಾಯಿತು.

"ಟೀವಿಯೊಳಗ ನೋಡೇನ್ರಿ. ಕಂಪ್ಯೂಟರಿನ್ಯಾಗ ಕಳ್ಳರು ಹೊಕ್ಕಾಗ ತೆರಿ ಹಿಂಗ ಕಪ್ಪಾಗಿ ಅಂಕಿ ಓಡ್ತಾವ," ಅಂದರು. ಅವರ ಹಣೆಯ ಮೇಲೆ ಬೆವರಿತ್ತು.

ಅದು ಕಳ್ಳರಲ್ಲ, ನಾನೇ ಅಂತ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಮಧ್ಯಾಹ್ನವೇ ಒಂದು ಸೂಚನೆ ಹೊರಟಿತು: 'ಕಪ್ಪು ತೆರೆ ಕಂಡು ಸಿಬ್ಬಂದಿ ಗಾಬರಿಯಾಗತಕ್ಕದ್ದಲ್ಲ.' ಎಲ್ಲರೂ ಓದಿ ಸಹಿ ಮಾಡಿದೆವು. ಮರುದಿನ ನನ್ನ ಕೋಣೆಯ ಬಾಗಿಲ ಹೊರಗಿನಿಂದ ಸಾಹೇಬರ ದನಿ ಮೆಲ್ಲಗೆ ಕೇಳಿಸಿತು.

"ಮೇಡಂ, ನಾ ಒಳಗ ಬರಲೇನ್ರಿ? ಸದ್ಯ ತೆರಿ ಯಾವ ಬಣ್ಣದ್ದದ?"

೩. ಬೆಂಗೇರಿ ಕಡೆಯ ಮಾಸ್ತರರು

ಒಂದು ಅಕ್ಷರ ತಪ್ಪಿದರೆ ಎಲ್ಲ ಹೋಗುತ್ತದೆ ಅನ್ನುವ ನನ್ನ ಅಂಜಿಕೆಯ ಸುದ್ದಿ ಊರೆಲ್ಲ ಹರಡಿತ್ತು ಅಂತ ಕಾಣುತ್ತದೆ. ಬೆಂಗೇರಿ ಕಡೆಯ ಒಬ್ಬ ಮಾಸ್ತರರು ಬಂದರು. ನಮಸ್ಕಾರ ಮಾಡಿದರು. ಹಿಂದೆ ತಿರುಗಿ ಬಾಗಿಲು ಮುಚ್ಚಿದರು. ಬಾಗಿಲು ಮುಚ್ಚಿದ ಕೂಡಲೇ ನಾನು ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡೆ.

"ಅಕ್ಕಾರ, ಒಂದಕ್ಷರ ಹೆಚ್ಚು ಕಡಿಮಿ ಆದ್ರ ಎಲ್ಲಾ ಅಳಿಸಿ ಹೋಗ್ತದಂತಲ್ರಿ?"

"ಹೌದ್ರಿ ಸರ್. ಅದಕ್ಕ ಭಾಳ ಅಂಜತೇನಿ."

"ಸೀಡಿ ಕೆಟ್ಟಿತ್ತಂದ್ರ ಅದೂ ಹೋಗ್ತದ, ಕಂಪ್ಯೂಟರಿನ್ಯಾಗಿಂದೂ ಹೋಗ್ತದ?"

"ಹೋದ್ರ ಹೋತ್ರಿ. ಯಾರಿಗೂ ಸಿಗೂದಿಲ್ಲ."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದನಿ ಇಳಿಸಿದರು.

"ಆ ಅಕ್ಷರ ಯಾವುದ್ರಿ?"

ಆಮೇಲೆ ತಿಳಿಯಿತು. ನಾಲ್ಕನೇ ಸೀಡಿಯಲ್ಲಿ ಅವರು ಒಂದನೇ ಇಯತ್ತೆಗೆ ಸೇರಿದ ಪುಟವಿದೆ. ಅಲ್ಲಿರುವ ಹುಟ್ಟಿದ ತಾರೀಖು ಅವರ ಸೇವಾ ಪುಸ್ತಕದಲ್ಲಿ ಇರುವುದಕ್ಕಿಂತ ಎರಡು ವರ್ಷ ಹಿಂದಿನದು, ಅವರಿಗೆ ನಿವೃತ್ತಿ ಹತ್ತಿರವಿತ್ತು. ನಾನು ಕೈ ಜೋಡಿಸಿದೆ.

"ಬ್ಯಾಡ್ರಿ ಸರ್, ನನ್ನ ನೌಕರಿ ಹೋಗ್ತದ್ರಿ."

"ನಿಮ್ಮದರೆ ಇನ್ನ ಮ್ಯಾಲೆ ಹೋಗ್ತದವಾ," ಅಂದರು ಮಾಸ್ತರರು ನಿಟ್ಟುಸಿರು ಬಿಟ್ಟು. "ನಂದು ಹ್ವಾದ ವರ್ಷನ ಹೋಗಿತ್ತು ಅಂತ ಎಲ್ಲಾರಿಗೂ ಗೊತ್ತಾಗ್ತದ."

೪. ಖಂಡೇನವಮಿ

ಖಂಡೇನವಮಿಗೆ ನಮ್ಮ ಕಚೇರಿಯಲ್ಲಿ ಆಯುಧಪೂಜೆ ತಪ್ಪುವುದಿಲ್ಲ. ಸಹಿಯ ಕೆಳಗೆ ಒತ್ತುವ ಠಸ್ಸೆ, ಪಂಚಿಂಗ್ ಮಷಿನ್ನು, ಕೆಟ್ಟು ಮೂಲೆ ಸೇರಿದ ಟೈಪ್‌ರೈಟರು, ಸಾಹೇಬರ ಜೀಪು, ಯಾವುದನ್ನೂ ಬಿಡುವ ಹಾಗಿಲ್ಲ. ಪೂಜೆಯ ಜವಾಬ್ದಾರಿ ನಮ್ಮ ಸಿಪಾಯಿ ಕಾಕಾನದು. ಮೂವತ್ತು ವರ್ಷದಿಂದ ಬಾಗಿಲಲ್ಲಿ ಕೂತ ಮನುಷ್ಯ. ಕಚೇರಿಯ ಕೀಲಿಕೈಗಳೆಲ್ಲ ಅವನ ಸೊಂಟದಲ್ಲೇ ಇರುತ್ತವೆ.

ಹಬ್ಬ ಮುಗಿಸಿ ಬಂದು, ಮೇಲಿನ ಕಚೇರಿಗೆ ನಕಲು ತೆಗೆಯಬೇಕೆಂದು ಮೂಲ ಸೀಡಿಗಳ ಸ್ಟೀಲ್ ಡಬ್ಬಿ ತೆರೆದೆ. ಹನ್ನೆರಡೂ ಸೀಡಿಗಳ ಹೊಳೆಯುವ ಕಡೆಗೆ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಮೇಲೊಂದೊಂದು ಚೆಂಡುಹೂವಿನ ಎಸಳು. ನಮ್ಮ ಕಡೆ ಬೇರೆ ಪ್ರತಿ ಇಲ್ಲ, ಕಂಪ್ಯೂಟರಿನಲ್ಲಿದ್ದದ್ದನ್ನು ಜಾಗ ಸಾಲದೆ ಆಗಲೇ ತೆಗೆದಿದ್ದೆ. ರಜಿಸ್ಟರುಗಳನ್ನು ಗೆದ್ದಲು ತಿಂದು ಮುಗಿಸಿದೆ.

"ಕಾಕಾ! ಹೊಳಿಯೂ ಕಡೆ ಯಾಕ ಹಚ್ಚಿದಿ? ಅದನ್ನ ಓದಬೇಕಲ್ಲೋ ಕಂಪ್ಯೂಟರು!"

"ಮತ್ತ ಆ ಕಡೆ ನೀವು ಪೆನ್ನಿಲೆ ನಂಬರ್ ಬರದೀರಲ್ರಿ ಅಕ್ಕಾರ, ಅದು ಬೆನ್ನು. ಇದು ಮುಖ. ಮುಖ ಬಿಟ್ಟು ಬೆನ್ನಿಗೆ ಯಾರರೆ ಕುಂಕುಮ ಹಚ್ತಾರೇನ್ರಿ?"

ಹತ್ತಿ, ತಣ್ಣೀರು ತೆಗೆದುಕೊಂಡು ಒಂದೊಂದನ್ನೇ ಕೂಸಿನ ಮುಖ ಒರೆಸಿದಂತೆ ಒರೆಸಿದೆ. ಚಪ್ಪಲಿ ಬಿಟ್ಟು, ಕೈ ಮುಗಿದು, ಓದುವ ಸಾಲು ಕೊಟ್ಟೆ. ಹನ್ನೊಂದು ಸರಾಗವಾಗಿ ಓದಿದವು. ಹನ್ನೆರಡನೆಯದು ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನಿಂತು, ಒಳಗೆ ಕರಕರ ಅನ್ನತೊಡಗಿತು. ನನಗೆ ಗೊತ್ತಿದ್ದ ಎಲ್ಲ ದೇವರ ಹೆಸರು ಮುಗಿದು, ಅತ್ತೆಯವರ ಮನೆದೇವರ ಹೆಸರು ಶುರು ಮಾಡಿದಾಗ ಅದು ಮುಂದೆ ಸರಿಯಿತು. ಹನ್ನೆರಡೂ ಕಂಪ್ಯೂಟರಿಗೆ ಇಳಿದವು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಸುದ್ದಿ ಕೇಳಿ ಸಾಹೇಬರು ಹೊಸ ಕಾಯಿದೆ ಮಾಡಿದರು. ಇನ್ನು ಮುಂದೆ ಬರೆದ ಸೀಡಿಯನ್ನು ಆ ಕ್ಷಣವೇ ಪಾಕೀಟಿಗೆ ಹಾಕಿ ಅರಗಿನ ಮುದ್ರೆ ಒತ್ತಬೇಕು. ಯಾವ ಕಾರಣಕ್ಕೂ ಮತ್ತೆ ತೆರೆಯಬಾರದು. ಅರಗು ಕಾಯಿಸುತ್ತ ಕೂತ ಕಾಕಾ ನನ್ನ ಕಡೆ ತಿರುಗಿ ಹೇಳಿದ, "ನೋಡಿದ್ರ್ಯಾ ಅಕ್ಕಾರ, ಪೂಜಿ ಮಾಡಿದ್ದಕ್ಕ ಎಲ್ಲಾ ಉಳದಾವು."

೫. ಹುಸಿ ಓಟ

ಈಗ ಆ ಹನ್ನೆರಡನ್ನೂ ಹೊಸ ಸೀಡಿಗಳಿಗೆ ಬರೆದು ಕಳಿಸಬೇಕಿತ್ತು. ನನ್ನ ಹನ್ನೊಂದು ತಿಂಗಳೂ ಮುಗಿಯುತ್ತ ಬಂದಿತ್ತು. ಹೊಸ ಆದೇಶ ಟೈಪಾಗಿ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

ಬರೆಯುವ ಸಾಲಿನಲ್ಲಿ 'ಡಮ್ಮಿ' ಅಂತ ಒಂದು ಮಾತು ಸೇರಿಸುವ ಸೌಲಭ್ಯವಿದೆ. ಸೇರಿಸಿದರೆ ಅದು ಹುಸಿ ಓಟ. ಸೀಡಿ ತಿರುಗುತ್ತದೆ, ಅಂಕಿ ಓಡುತ್ತವೆ, ನೂರಕ್ಕೆ ನೂರು ಮುಗಿಯಿತು ಅಂತಲೂ ಬರುತ್ತದೆ. ಆದರೆ ಸೀಡಿಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಅಂಜುವವರಿಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಮೊದಲು ಹುಸಿ ಓಟ ಓಡಿಸಿ, ಎಲ್ಲ ಸುಸೂತ್ರ ಅಂತ ಕಂಡ ಮೇಲೆ ಆ ಮಾತು ಅಳಿಸಿ ನಿಜವಾಗಿ ಬರೆಯಬೇಕು.

ನಾನು ಹುಸಿ ಓಟ ಓಡಿಸಿದೆ. ಸುಸೂತ್ರ. ಅಷ್ಟರಲ್ಲಿ ಬಾಗಿಲ ಹೊರಗಿನಿಂದ ಸಾಹೇಬರು, "ಮೇಡಂ, ಆತೇನ್ರಿ? ಟಪಾಲು ಹೋಗೂ ಹೊತ್ತಾತು!" ಅಂದರು. ನಾನು ಗಡಬಡಿಸಿ, ಹಿಂದಿನ ಸಾಲನ್ನೇ ಮತ್ತೆ ತರುವ ಬಾಣದ ಗುಂಡಿ ಒತ್ತಿದೆ, ಎಂಟರ್ ಒತ್ತಿದೆ. ನೂರಕ್ಕೆ ನೂರು. ಪಾಕೀಟು, ಅರಗು, ಮುದ್ರೆ. ಮತ್ತೆ ಬಾಣ, ಸೀಡಿಯ ನಂಬರ್ ಮಾತ್ರ ಬದಲು, ಎಂಟರ್. ಪಾಕೀಟು, ಅರಗು, ಮುದ್ರೆ. ಹನ್ನೆರಡೂ ಸಂಜೆಯ ಟಪಾಲಿಗೆ ಹೋದವು.

ಮರುದಿನ, ನಿನ್ನೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ ಸಾಲನ್ನು ಬರೆದಿಟ್ಟುಕೊಳ್ಳೋಣ ಅಂತ ಬಾಣ ಒತ್ತಿದೆ. 'ಡಮ್ಮಿ.' ಇನ್ನೊಮ್ಮೆ ಒತ್ತಿದೆ. 'ಡಮ್ಮಿ.' ಹನ್ನೆರಡು ಸಲ ಒತ್ತಿದೆ, ಹನ್ನೆರಡು ಸಲವೂ ಅದೇ.

ಸರಕಾರಕ್ಕೆ ನಾನು ಹನ್ನೆರಡು ಖಾಲಿ ಸೀಡಿ ಮುದ್ರೆ ಒತ್ತಿ ಕಳಿಸಿದ್ದೆ.

ಆ ಮೇಲಿನ ಹದಿನೈದು ದಿನ ನಾನು ಬದುಕಿದ್ದು ನನಗೇ ಆಶ್ಚರ್ಯ. ಫೋನ್ ಬಂದರೆ ಬೆಂಗಳೂರಿನದೇ ಅನ್ನಿಸುತ್ತಿತ್ತು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮೇಜಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗುತ್ತಿದ್ದೆ. ಸಾಹೇಬರಿಗೆ ಹೇಳಬೇಕೆಂದು ದಿನಾ ಅವರ ಬಾಗಿಲ ತನಕ ಹೋಗುತ್ತಿದ್ದೆ. ಮೇಜಿನ ಮೇಲೆ ಸಹಿಯಾಗದ ನನ್ನ ಆದೇಶ ಕಾಣುತ್ತಿತ್ತು, ತಿರುಗಿ ಬರುತ್ತಿದ್ದೆ. ಮನೆಯಲ್ಲಿ ತಟ್ಟೆಯ ರೊಟ್ಟಿ ಹಾಗೇ ಉಳಿಯುತ್ತಿತ್ತು. "ಯಾರದೋ ಕಣ್ಣು ಬಿದ್ದೈತಿ," ಅಂದ ಅತ್ತೆಯವರು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಒಂಚೂರೂ ಘಾಟು ಬರಲಿಲ್ಲ. "ನೋಡು, ಎಷ್ಟು ದೊಡ್ಡ ದೃಷ್ಟಿ!" ಅಂತ ಅವರು ಗಾಬರಿಯಾದದ್ದನ್ನು ಕಂಡು ನಾನು ಇನ್ನೂ ಅಂಜಿದೆ.

ಹದಿನಾರನೇ ದಿನ ಸಾಹೇಬರು ಕರೆಸಿದರು. ಕೈಯಲ್ಲಿ ಪತ್ರ. ನಾನು ಗೋಡೆ ಹಿಡಿದು ನಿಂತೆ. ಅವರು ಜೋರಾಗಿ ಓದಿದರು.

"'ತಾವು ಕಳುಹಿಸಿದ ಹನ್ನೆರಡು ಸೀಡಿಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು, ಯಾವುದೇ ದೋಷ ಕಂಡುಬಂದಿರುವುದಿಲ್ಲ.' ಶಾಬಾಸ್ ಮೇಡಂ! ನಿಮ್ಮ ಆದೇಶಕ್ಕ ನಾಳೆ ಛಲೋ ಹೊತ್ತು ನೋಡಿ ಸಹಿ ಮಾಡ್ತೇನಿ."

ಸಂತೋಷ ಪಡಬೇಕಿತ್ತು. ಆದರೆ ಅಂಜುವವರಿಗೆ ಸಂತೋಷದಲ್ಲೂ ಅಂಜಿಕೆ. ಇವತ್ತಲ್ಲ ನಾಳೆ ಯಾರಾದರೂ ಮುದ್ರೆ ಒಡೆದರೆ? "ಸರ್, ಭದ್ರತೆಗೆ ಅಂತ ಇನ್ನೊಂದು ಸೆಟ್ ಕಳಸೂಣೇನ್ರಿ?" ಅಂದೆ. ನನ್ನ ನಿಷ್ಠೆ ಕಂಡು ಸಾಹೇಬರ ಕಣ್ಣು ತುಂಬಿತು. "ಕಳಸ್ರಿ. ಅದೂ ಪಾಸಾಗಿ ಬರಲಿ, ಎರಡೂ ಪತ್ರ ಹಚ್ಚೇ ಆದೇಶ ಮಾಡೂಣು," ಅಂದರು.

ಈ ಸಲ ಆ ಹಾಳು ಮಾತನ್ನು ಅಳಿಸಿ ನಿಜವಾಗಿಯೇ ಬರೆದೆ. ಕಾಯಿದೆ ಮುರಿದು, ಮುದ್ರೆ ಒತ್ತುವ ಮುಂಚೆ ಪ್ರತಿಯೊಂದನ್ನೂ ತೆರೆದು ನೋಡಿದೆ. ಪುಟಪುಟವೂ ಇತ್ತು. ಕಳಿಸಿದ ರಾತ್ರಿ ಕಣ್ಣು ತುಂಬ ನಿದ್ದೆ ಬಂತು.

ವಾರದೊಳಗೆ ಉತ್ತರ ಬಂತು. ಸಾಹೇಬರು ಅದನ್ನು ಎರಡು ಸಲ ಓದಿಕೊಂಡು, ಮುಖ ಸಣ್ಣದು ಮಾಡಿಕೊಂಡು ನನ್ನ ಮುಂದೆ ಹಿಡಿದರು.

'ಎರಡನೆಯ ಬಾರಿ ಕಳುಹಿಸಿದ ಸೀಡಿಗಳಲ್ಲಿ ಪುಟಗಳು ಓರೆಯಾಗಿದ್ದು, ಅಕ್ಷರಗಳು ಮಸುಕಾಗಿದ್ದು, ಅಲ್ಲಲ್ಲಿ ಗೆದ್ದಲಿನ ತೂತುಗಳು ಕಂಡುಬಂದಿರುತ್ತವೆ. ಮೊದಲ ಬಾರಿಯ ಸೀಡಿಗಳಲ್ಲಿ ಇಂಥ ಒಂದೇ ಒಂದು ದೋಷವೂ ಇರಲಿಲ್ಲ. ಆದ್ದರಿಂದ ಮೊದಲಿನ ಗುಣಮಟ್ಟದಲ್ಲಿಯೇ ಮತ್ತೊಮ್ಮೆ ತಯಾರಿಸಿ ಕಳುಹಿಸತಕ್ಕದ್ದು.'

"ಮೇಡಂ, ಮೊದಲನೇ ಸಲ ಅಷ್ಟು ಸ್ವಚ್ಛ ಹೆಂಗ ಮಾಡಿದ್ರಿ?"

"ಭಾಳ ಅಂಜಿ ಮಾಡಿದ್ದೆ ಸರ್."

"ಹಂಗ ಮಾಡ್ರಿ ಮತ್ತ. ಇದೊಂದು ಪಾಸಾತಂದ್ರ ನಿಮ್ಮ ಆದೇಶಕ್ಕ ಸಹಿ."

ನಿಜವಾದ ಹನ್ನೆರಡು ಹೇಗೂ ಅವರ ಕಪಾಟು ಸೇರಿವೆ. ನಾನು ಹೋಗಿ ಕೂತೆ. ಹೊಸ ಸೀಡಿ ಹಾಕಿದೆ. ಸಾಲು ಟೈಪ್ ಮಾಡಿ, ಕೊನೆಗೆ 'ಡಮ್ಮಿ' ಅಂತ ಸೇರಿಸಿ, ಕೆಲಸಕ್ಕೆ ಸೇರಿದ ಮೇಲೆ ಮೊದಲನೇ ಸಲ, ಕೈ ನಡುಗದೆ ಎಂಟರ್ ಒತ್ತಿದೆ.