ನಮ್ಮ ಅಡುಗೆಮನೆ ಕಿಟಕಿಯ ಸಾವಿರ ಮೀಟರ್

ಇಲ್ಲ ಸ್ವಾಮಿ, ಆ ಬೋರ್ಡು ನಾನು ನೆಟ್ಟಿದ್ದಲ್ಲ. ಬಂದವರೆಲ್ಲ ಇದನ್ನೇ ಕೇಳ್ತಾರೆ. "ಗೆಬ್‌ಹಾರ್ಡ್, ನಿಮ್ಮನೆ ಅಡುಗೆಮನೆ ಕಿಟಕಿ ಪಕ್ಕ ‘ಸಮುದ್ರ ಮಟ್ಟದಿಂದ ಸಾವಿರ ಮೀಟರ್’ ಅಂತ ಯಾಕೆ ಬರೆದಿದೆ? ನಿಮ್ಮ ಓಡ್‌ಕಾರ್ ಊರು ಇರೋದು ಏಳುನೂರು ಚಿಲ್ಲರೆ ಎತ್ತರದಲ್ಲಿ ಅಲ್ವಾ?" ಅಂತ. ಇತ್ತು, ಏಳುನೂರು ಚಿಲ್ಲರೆ ಇತ್ತು. ಈಗ ಸಾವಿರ. ಹಾಲಿನ ಡೈರಿಯವರು ಒಪ್ಪಿದ್ದಾರೆ, ಪಾದ್ರಿಗಳು ಒಪ್ಪಿದ್ದಾರೆ. ನೀವೊಬ್ರು ಒಪ್ಪದೇ ಇದ್ರೆ ಊರೇನೂ ಕೆಳಗಿಳಿಯಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ನಮ್ಮ ಟಿರೋಲ್ ಸೀಮೆಯಲ್ಲಿ ಸಾವಿರ ಮೀಟರ್ ದಾಟಿದ ಮೇಲೆ ‘ನೀವು’ ಅನ್ನೋದಿಲ್ಲ. ಕೆಳಗೆ ಎಷ್ಟೇ ದೊಡ್ಡವರಾಗಿರಲಿ, ಬೆಟ್ಟದ ಮೇಲೆ ಎಲ್ಲರೂ ‘ನೀನು’. ಇದು ಅಜ್ಜಂದಿರ ಕಾಲದ್ದು. ಹಗ್ಗ ಕಟ್ಕೊಂಡು ಬಂಡೆ ಹತ್ತುವಾಗ ಹಿಂದಿದ್ದವರು ಜಾರಿದ್ರು ಅನ್ನಿ. "ಮಾನ್ಯ ಡಾಕ್ಟರ್ ಸಾಹೇಬರೇ, ತಾವು ಬೀಳುವ ಹಂತದಲ್ಲಿದ್ದೀರಿ" ಅಂತ ಹೇಳಿ ಮುಗಿಸೋಷ್ಟರಲ್ಲಿ ಅವರು ಆ ಹಂತ ದಾಟಿರ್ತಾರೆ. ಅದಕ್ಕೇ ‘ನೀನು’. ನಿಮ್ಮನ್ನ ಈಗ ನೀವು ಅಂತಿರೋದು ಯಾಕಂದ್ರೆ ನೀವು ಕೂತಿರೋ ಕುರ್ಚಿ ಬೋರ್ಡಿನ ಈಚೆ ಇದೆ. ಸ್ವಲ್ಪ ಹಿಂದಕ್ಕೆ ಜರುಗಿಸಿಬಿಟ್ರೆ ಆಮೇಲೆ ನನ್ನನ್ನ ದೂರಬೇಡಿ.

ಆ ಸಾವಿರ ಮೀಟರ್ ಎಲ್ಲಿ ಶುರುವಾಗುತ್ತೆ ಅಂತ ಯಾರೂ ಅಳೆದಿರಲಿಲ್ಲ. ದಾರಿಯಲ್ಲಿ ಹಾಲಿನ ಕ್ಯಾನ್ ಇಡೋ ಕಟ್ಟೆ ದಾಟಿದ್ರೆ ಬಾಯಿ ತಾನಾಗೇ ಬದಲಾಗ್ತಿತ್ತು. ಇಳಿದು ಬಂದ್ರೆ ತಾನಾಗೇ ಸರಿಹೋಗ್ತಿತ್ತು. ಯಾರಿಗೂ ತೊಂದ್ರೆ ಇರಲಿಲ್ಲ. ಆದ್ದರಿಂದ ಪ್ರವಾಸಿ ಸಂಘ ಇದನ್ನ ಸರಿಪಡಿಸೋಕೆ ಮುಂದಾಯ್ತು.

ಸಂಘದ ನಿರ್ದೇಶಕಿ ಫ್ರೌ ಮಾಗಿಸ್ಟರ್ ಪ್ಲಾಂಗರ್ ಅಂತ. ಫ್ರೌ ಅಂದ್ರೆ ಶ್ರೀಮತಿ, ಮಾಗಿಸ್ಟರ್ ಅಂದ್ರೆ ಎಂ.ಎ. ಮಾಡಿದವರು, ಆ ಪದವೀನ ಹೆಸರಿನ ಮುಂದೆ ಸೇರಿಸಿ ಕರೀಲಿಲ್ಲ ಅಂದ್ರೆ ಅವರಿಗೆ ಕಿವಿ ಕೇಳಿಸಲ್ಲ. ಪಟ್ಟಣದಿಂದ ಬಂದವರು ಏನು ಹೇಳ್ಕೊಂಡು ಹೋಗ್ತಾರೆ ಅಂತ ಅವರು ಗಮನಿಸಿದ್ರು. ಎಲ್ಲರದ್ದೂ ಒಂದೇ ಮಾತು: "ಶಿಖರ ಕಾಣಲಿಲ್ಲ, ಪೂರ್ತಿ ಮಂಜು. ಆದ್ರೆ ಗೈಡು ನನ್ನನ್ನ ‘ಬಾರೋ’ ಅಂದ. ತುಂಬಾ ಹಿತವಾಯ್ತು." ಫ್ರೌ ಮಾಗಿಸ್ಟರ್ ಯೋಚನೆ ಮಾಡಿದ್ರು. ಶಿಖರ ಕಾಣಬೇಕಾದ್ರೆ ಹವಾ ಚೆನ್ನಾಗಿರಬೇಕು. ‘ಬಾರೋ’ ಅನ್ನೋಕೆ ಗೈಡಿಗೆ ಬಾಯಿದ್ರೆ ಸಾಕು. ವಾರದೊಳಗೆ ಪ್ರಕಟಣೆ ಬಂತು:

"ಎಂಟು ಜನರ ಕಿರುಗುಂಪಿಗೆ ಒಂದು ದಿನದ ರಮಣೀಯ ಗಿರಿಪ್ರವಾಸ. ವ್ಯಾನು, ಗೈಡು, ಮಧ್ಯಾಹ್ನದ ಊಟ, ಹಿಮಶಿಖರ ದರ್ಶನ (ಹವಾಮಾನಕ್ಕೆ ಒಳಪಟ್ಟು) ಹಾಗೂ ಅಧಿಕೃತ ಏಕವಚನ (ಹವಾಮಾನಕ್ಕೆ ಒಳಪಡದೆ)."

ಅಧಿಕೃತ ಅಂದ ಮೇಲೆ ಅಳತೆ ಬೇಕಲ್ಲ. ಇಬ್ಬರು ಎಂಜಿನಿಯರ್‌ಗಳನ್ನ ಕರೆಸಿದ್ರು. ಒಬ್ಬರು ಸಾವಿರ ಮೀಟರ್ ಹಳ್ಳದ ಈಚೆ ದಡದಲ್ಲಿದೆ ಅಂದ್ರು, ಇನ್ನೊಬ್ಬರು ಆಚೆ ದಡದಲ್ಲಿದೆ ಅಂದ್ರು. ಇಬ್ಬರ ಮನಸ್ಸಿಗೂ ನೋವಾಗಬಾರದು ಅಂತ ಸಂಘ ಬೋರ್ಡನ್ನ ನಡುವೆ, ಸೇತುವೆ ಮೇಲೆ ನಿಲ್ಲಿಸಿ ನಿಯಮ ಹೊರಡಿಸ್ತು:

"ಒಂದು: ಸಾವಿರ ಮೀಟರ್ ಎಂದರೆ ಫಲಕ ನಿಂತಿರುವ ಸ್ಥಳ. ಎರಡು: ಫಲಕದ ಕೆಳಗೆ ಅತಿಥಿಯನ್ನು ಏಕವಚನದಲ್ಲಿ ಕರೆಯುವುದು ಅಸಭ್ಯತೆ, ಫಲಕದ ಮೇಲೆ ಬಹುವಚನದಲ್ಲಿ ಕರೆಯುವುದು ವಂಚನೆ. ಮೂರು: ಗೈಡ್ ಆದವನು ಕರೆದೊಯ್ದಷ್ಟೇ ಅತಿಥಿಗಳನ್ನು ಮರಳಿ ತರತಕ್ಕದ್ದು, ತಪ್ಪಿದಲ್ಲಿ ಬ್ಯಾಡ್ಜ್ ರದ್ದು."

ಚಳಿಗಾಲದಲ್ಲಿ ಹಿಮ ತೆಗೆಯೋ ಗಾಡಿಗೆ ಅಡ್ಡ ಬರುತ್ತೆ ಅಂತ ಬೋರ್ಡನ್ನ ಎತ್ತಿಡೋ ಹಾಗೆ ಮರದ ಕಾಲಿನ ಮೇಲೆ ಮಾಡಿದ್ರು. ಇಷ್ಟನ್ನ ನೆನಪಿಟ್ಕೊಳ್ಳಿ, ಸಾಕು.

ಮುಂದೆ ನನ್ನ ಗೈಡ್ ಬ್ಯಾಡ್ಜಿನ ಕಥೆ. ಒಬ್ಬ ನಿವೃತ್ತ ನ್ಯಾಯಾಧೀಶರನ್ನ ನಾನು ಸೇತುವೆಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ‘ಬಾ’ ಅಂದೆ ಅಂತ ದೂರು ಹೋಗಿತ್ತು. ವಿಚಾರಣೆಗೆ ರಾಜಧಾನಿಯ ಗಿರಿ ಶಿಷ್ಟಾಚಾರ ಇಲಾಖೆಯಿಂದ ಹೋಫ್ರಾಟ್ ಡಾಕ್ಟರ್ ತಾಸಿಲೋ ಉಮ್ಲೌಫ್ ಅವರೇ ಒಂದು ದಿನ ಪ್ರವಾಸಿಯಾಗಿ ಬರ್ತಾರೆ, ಅವರು ತಲೆಯಾಡಿಸಿದ್ರೆ ಮಾತ್ರ ಬ್ಯಾಡ್ಜ್ ಉಳಿಯುತ್ತೆ ಅಂತ ತೀರ್ಮಾನ ಆಯ್ತು. ಹೋಫ್ರಾಟ್ ಅಂದ್ರೆ ಆಸ್ಥಾನದ ಸಲಹೆಗಾರ. ಆಸ್ಥಾನ ಹೋಗಿ ನೂರು ವರ್ಷ ಆಯ್ತು. ಸಲಹೆಗಾರರು ಮಾತ್ರ ಇನ್ನೂ ಬರ್ತಾನೇ ಇದ್ದಾರೆ.

ನನ್ನ ಹೆಂಡ್ತಿ ನೋಟ್‌ಬುರ್ಗಾ ಬೆಳಿಗ್ಗೆ ಶೂ ಲೇಸ್ ಕಟ್ಟೋವಾಗಲೇ ಶುರು ಮಾಡಿದ್ಲು. "ಬ್ಯಾಡ್ಜ್ ಹೋದ್ರೆ ನಮ್ಮಣ್ಣನ ಹೋಟೆಲಲ್ಲಿ ಪಾತ್ರೆ ತೊಳೀಬೇಕಾಗುತ್ತೆ, ಗೊತ್ತಿರಲಿ."

"ನಿಮ್ಮಣ್ಣ ಕರೀಲೇ ಇಲ್ವಲ್ಲ."

"ಕರೆದಿದ್ದಾನೆ. ಏಪ್ರನ್ನೂ ಹೊಲಿಸಿಟ್ಟಿದ್ದಾನೆ. ನಿನ್ನ ಅಳತೆಗೆ."

ಐವತ್ತನಾಲ್ಕನೇ ವಯಸ್ಸಲ್ಲಿ ಭಾವಮೈದನ ಏಪ್ರನ್. ಯೋಚನೆ ಮಾಡಿ.

ಹೋಫ್ರಾಟ್ ಸಾಹೇಬರು ಹಸಿರು ಟೋಪಿ ಹಾಕ್ಕೊಂಡು ಬಂದ್ರು. ಒಣಗಿದ ಮನುಷ್ಯ, ನಗೋಕೆ ಅನುಮತಿ ಬಂದಿಲ್ಲ ಅನ್ನೋ ಥರ ಮುಖ. ಗುಂಪಿನಲ್ಲಿ ಲಿಂಟ್ಸ್ ಊರಿನ ಗಣಿತದ ಮೇಡಂ ಒಬ್ರು, ಫ್ರೌ ಪ್ರೊಫೆಸರ್ ಔಗುಸ್ಟಿನ್. ಕೈಯಲ್ಲಿ ಎತ್ತರ ತೋರಿಸೋ ಗಡಿಯಾರ. ಉಳಿದವರು ವಿಯೆನ್ನಾದವರು, ದಾರಿಯುದ್ದಕ್ಕೂ ತಿಂಡಿ ತಿಂತಿದ್ರು, ಅವರಿಂದ ಕಥೆಗೆ ಏನೂ ಆಗಬೇಕಾಗಿಲ್ಲ.

"ಹೋಫ್ರಾಟ್ ಸಾಹೇಬ್ರೆ, ತಾವು ದಯಮಾಡಿಸಬೇಕು" ಅಂತ ವ್ಯಾನಿನ ಬಾಗಿಲು ತೆಗೆದೆ. ದಯಮಾಡಿಸಿದ್ರು. ಮೇಲೆ ವ್ಯಾನು ನಿಲ್ಲಿಸಿ ನಡೆದ್ವಿ. ಮಂಜು ಎಷ್ಟಿತ್ತು ಅಂದ್ರೆ ಶಿಖರ ಇದೆ ಅಂತ ನಾನು ಕೈ ತೋರಿಸಿದ್ರೆ ಕೈಯೇ ಕಾಣ್ತಿರಲಿಲ್ಲ. ಸೇತುವೆ ಬಂತು. ಎಲ್ಲರನ್ನೂ ಒಬ್ಬೊಬ್ಬರಾಗಿ ಬೋರ್ಡು ದಾಟಿಸಿದೆ. ಕೊನೆಗೆ ಅವರೊಬ್ರು.

"ತಾಸಿಲೋ, ಬಾ" ಅಂದೆ.

ದಾಟಿದ್ರು. ಕಿವಿ ಎರಡೂ ಕೆಂಪಾದ್ವು. ನನ್ನ ಕಣ್ಮುಂದೆ ಏಪ್ರನ್ ಬಂತು.

"ಇನ್ನೊಂದ್ಸಲ ಹೇಳಿ."

"ಇನ್ನೊಂದ್ಸಲ ಹೇಳು ಅನ್ನಬೇಕು. ನಿಯಮ ಎರಡು."

"ಇನ್ನೊಂದ್ಸಲ ಹೇಳು."

"ಬಾರೋ ತಾಸಿಲೋ, ಕಾಲು ನೋಡ್ಕೊಂಡು ಇಡು, ಹಲಗೆ ಜಾರುತ್ತೆ."

ಅವನು (ಇಲ್ಲಿಂದ ಅವನು ಅಂತಲೇ ಹೇಳ್ಬೇಕು, ಬೇರೆ ದಾರಿ ಇಲ್ಲ) ಕಾಲು ನೋಡ್ಕೊಂಡು ಇಟ್ಟ. ಅಷ್ಟು ಹುಷಾರಾಗಿ ಆ ಸೇತುವೆ ಮೇಲೆ ಯಾರೂ ಕಾಲಿಟ್ಟಿಲ್ಲ.

ಮೇಲಿನ ಹುಲ್ಲುಗಾವಲಿನ ಗುಡಿಸಲಲ್ಲಿ ದನ ನೋಡ್ಕೊಂಡು ಚೀಸ್ ಮಾಡೋದು ಮೊಯ್‌ಡಿ ಅನ್ನೋ ಹೆಂಗಸು. ಅವಳಿಗೆ ಪ್ರವಾಸಿ ಸಂಘ ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ. ಹೊಸಿಲಲ್ಲೇ ಹಿಡ್ಕೊಂಡ್ಲು.

"ಏಯ್ ಹಸಿರು ಟೋಪಿ! ಬೂಟಿಗೆ ಸಗಣಿ ಮೆತ್ಕೊಂಡು ಒಳಗೆ ಬರ್ತೀಯಾ? ಬಿಚ್ಚು ಆಚೆ. ಬರಿಗೈಲಿ ಬರಬೇಡ, ಸೌದೆ ತಗೊಂಡು ಬಾ."

ತಂದ. ಎರಡು ಸಲ ತಂದ. ಮೂರನೇ ಸಲ ಯಾರೂ ಹೇಳದೇ ಹೋಗಿ ತಂದ.

"ಕೂತ್ಕೋ. ತಿನ್ನು. ಸೌದೆಗಿಂತ ಒಣಗಿದೀಯ" ಅಂತ ಅವಳು ಬಾಣಲೆಯಿಂದ ಬಿಸಿ ಬಿಸಿ ಶ್ಮಾರ್ನ್ ಅನ್ನೋ ಮೊಟ್ಟೆ ದೋಸೆ ಚೂರು ತಟ್ಟೆಗೆ ಕೆಡವಿ ಪ್ಲಮ್ ಗೊಜ್ಜು ಸುರಿದ್ಲು. ಅವನು ತಟ್ಟೆ ನೋಡ್ತಾ ನನ್ನ ಹತ್ತಿರ ಮೆಲ್ಲಗೆ ಹೇಳ್ದ:

"ಗೆಬ್‌ಹಾರ್ಡ್, ಅಮ್ಮ ತೀರ್ಕೊಂಡ ಮೇಲೆ ನನಗೆ ಯಾರೂ ‘ತಿನ್ನು’ ಅಂದಿಲ್ಲ. ಮನೇಲಿ ಹೆಂಡ್ತಿ ಕೂಡ ‘ಹೋಫ್ರಾಟ್ ಬಂದ್ರಾ’ ಅಂತ ಕೆಲಸದವಳನ್ನ ಕೇಳ್ತಾಳೆ. ಒಂದು ನಾಯಿ ಇದೆ. ಅದೂ ನನ್ನ ಕಂಡ್ರೆ ಎದ್ದು ನಿಲ್ಲುತ್ತೆ."

"ಇನ್ನೊಂಚೂರು ಹಾಕ್ಸ್ಕೋ" ಅಂದೆ.

ಎಲ್ಲ ಚೆನ್ನಾಗೇ ಆಯ್ತು, ಇಳಿಯೋವರೆಗೆ. ಸೇತುವೆ ಹತ್ರ ಏಳು ಜನ ದಾಟಿದ್ರು, ನಾನೂ ದಾಟಿದೆ. ತಾಸಿಲೋ ಬೋರ್ಡಿನ ಆಚೆ ಹಲಗೆ ಮೇಲೆ ಕೂತುಬಿಟ್ಟ.

"ನಾನು ಬರಲ್ಲ."

"ಯಾಕೆ?"

"ಒಂದು ಹೆಜ್ಜೆ ಇಟ್ರೆ ಮತ್ತೆ ಹೋಫ್ರಾಟ್ ಆಗ್ತೀನಿ. ನೀವೆಲ್ಲ ಹೋಗಿ. ನಾನು ಮೊಯ್‌ಡಿಗೆ ಸೌದೆ ಹೊತ್ಕೊಂಡು ಇರ್ತೀನಿ."

ಈಗ ನನ್ನ ಪರಿಸ್ಥಿತಿ ನೋಡಿ. ಒಬ್ಬ ಅತಿಥಿ ಕಮ್ಮಿಯಾದ್ರೆ ನಿಯಮ ಮೂರು, ಬ್ಯಾಡ್ಜ್ ರದ್ದು. ಗದರಿಸಿ ಎಬ್ಬಿಸೋಣ ಅಂದ್ರೆ ಅವನು ಇರೋದು ಮೇಲೆ, ನಾನಿರೋದು ಕೆಳಗೆ. ಏಕವಚನ ಹೊರಡೋ ಜಾಗ ಲೆಕ್ಕವೋ, ತಲುಪೋ ಜಾಗ ಲೆಕ್ಕವೋ? ನಿಯಮದಲ್ಲಿ ಇಲ್ಲ. ಸಂಘಕ್ಕೆ ಫೋನ್ ಮಾಡ್ದೆ.

"ನೀವೀಗ ಎಲ್ಲಿದ್ದೀರಿ?" ಅಂದ್ರು ಫ್ರೌ ಮಾಗಿಸ್ಟರ್.

"ಬೋರ್ಡಿನ ಕೆಳಗೆ."

"ಹಾಗಾದ್ರೆ ನೀವು ನೀವೇ. ಹೋಫ್ರಾಟ್?"

"ಮೇಲೆ."

"ಹಾಗಾದ್ರೆ ಅವನು ಅವನು."

"ಅವನು ಇಳಿಯಲ್ಲ ಅಂತಿದ್ದಾನೆ."

"ಏನ್ರೀ ಇದು, ಹೋಫ್ರಾಟ್ ಸಾಹೇಬರನ್ನ ಅವನು ಅಂತೀರಾ!"

"ನೀವೇ ಅಂದ್ರಲ್ಲ ಫ್ರೌ ಮಾಗಿಸ್ಟರ್."

"ನಾನು ಅಂದಿದ್ದು ವಿವರಣೆ. ನೀವು ಅಂದಿದ್ದು ಅಪರಾಧ. ಲೈನಲ್ಲಿರಿ."

ತುರ್ತು ಸಭೆ ಕರೆದ್ರು. ಸಭೆ ನಡೀತಿರೋದು ಫೋನಲ್ಲಿ ಕೇಳಿಸ್ತಿತ್ತು, ಹೆಚ್ಚಾಗಿ ಕಪ್ಪು ಬಸಿ ಸದ್ದು. ಈಚೆ ಮಳೆ ಹನಿಯೋಕೆ ಶುರುವಾಯ್ತು. ಕೊನೆಗೆ ಠರಾವು ಓದಿದ್ರು:

"ಅತಿಥಿಯನ್ನು ಫಲಕದ ಕೆಳಗೆ ಇಳಿಸುವುದು ಸಾಧ್ಯವಾಗದ ಪಕ್ಷದಲ್ಲಿ, ಫಲಕವನ್ನು ಅತಿಥಿಯ ಕೆಳಗೆ ಇಳಿಸತಕ್ಕದ್ದು."

ಸರಳ ಉಪಾಯ. ನಮಗ್ಯಾರಿಗೂ ಹೊಳೆದಿರಲಿಲ್ಲ. ನಾನು ಬೋರ್ಡು ಕಿತ್ತು ಹೆಗಲಿಗೆ ಹಾಕ್ಕೊಂಡು ಮುಂದೆ ನಡೆದೆ, ತಾಸಿಲೋ ಎದ್ದು ಖುಷಿಯಾಗಿ ಹಿಂದೆ ಬಂದ. ಬೋರ್ಡು ಮುಂದಿದ್ದ ಮೇಲೆ ಹಿಂದಿರೋರೆಲ್ಲ ಮೇಲಿರೋರೇ.

"ಒಂಬೈನೂರ ಎಂಬತ್ತು!" ಅಂತ ಫ್ರೌ ಪ್ರೊಫೆಸರ್ ಗಡಿಯಾರ ತೋರಿಸಿದ್ರು. ಸ್ವಲ್ಪ ಹೊತ್ತಿಗೆ, "ಒಂಬೈನೂರು! ಇದು ಶುದ್ಧ ಸುಳ್ಳು!"

"ಔಗುಸ್ಟಿನ್, ನೀನು ಸುಮ್ನೆ ನಡಿ" ಅಂದೆ.

ಅವಳು ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕ್ಕೊಂಡ್ಲು. ಅವಳಿಗೂ ಯಾರೋ ಹಾಗೆ ಹೇಳಿ ಬಹಳ ದಿನ ಆಗಿತ್ತೋ ಏನೋ.

ವ್ಯಾನಿನೊಳಗೆ ಬೋರ್ಡು ಹಿಡಿಸಲಿಲ್ಲ. ತಾಸಿಲೋನೇ ಮುಂದಿನ ಸೀಟಲ್ಲಿ ಕೂತು ಕಿಟಕಿಯಿಂದ ಆಚೆಗೆ ಹಿಡ್ಕೊಂಡ. ಊರೊಳಗೆ ಬಂದ್ವಿ. ವ್ಯಾನು ದಾಟಿದ ಹಾಗೆಲ್ಲ ಹಿಂದಿನ ಮನೆಗಳು ಒಂದೊಂದಾಗಿ ಸಾವಿರ ಮೀಟರ್ ಮೇಲಕ್ಕೆ ಹೋದ್ವು. ಮೊದಲು ಬೇಕರಿ, ಆಮೇಲೆ ಪೋಸ್ಟಾಫೀಸು, ಆಮೇಲೆ ಚರ್ಚು. ಚರ್ಚಿನ ಮೆಟ್ಟಿಲ ಮೇಲಿದ್ದ ಪಾದ್ರಿಗಳು ಬೋರ್ಡು ಓದಿ, ಬೇಕರಿಯವನ ಕಡೆ ತಿರುಗಿ, "ಹಾಗಾದ್ರೆ ಕೇಳಿಯೇಬಿಡ್ತೀನಿ. ಬ್ರೆಡ್ಡಿಗೆ ಯಾಕೋ ಉಪ್ಪು ಹಾಕಲ್ಲ ನೀನು?" ಅಂದ್ರು. ಎಷ್ಟು ವರ್ಷದ ಸಿಟ್ಟೋ.

ಊರಿನ ಕೊನೇ ಮನೆ ನಮ್ಮದು. ರಾಜಧಾನಿಗೆ ಹೋಗೋ ಬಸ್ಸು ಹೊರಟುಹೋಗಿತ್ತು. ತಾಸಿಲೋ ಇಳಿದು ಬೋರ್ಡನ್ನ ನಮ್ಮನೆ ಗೋಡೆಗೆ ಆನಿಸಿ ನಿಲ್ಲಿಸ್ದ. ಸರಿಯಾಗಿ ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆಯ ನೇರಕ್ಕೆ, ಅಡುಗೆಮನೆ ಬೋರ್ಡಿನ ಮೇಲೆ, ಹಾಲ್ ಕೆಳಗೆ ಬರೋ ಹಾಗೆ. ನೋಟ್‌ಬುರ್ಗಾ ಕಿಟಕಿಯಿಂದ ತಲೆ ಹಾಕಿದ್ಲು.

"ಯಾರಿದು?"

"ತಾಸಿಲೋ. ಇವತ್ತು ಇಲ್ಲೇ ಮಲಗ್ತಾನೆ."

"ಸರಿ. ತಾಸಿಲೋ, ಕೈ ತೊಳ್ಕೊಂಡು ಬಾ. ಮೇಜಿನ ಮೇಲೆ ಮೊಣಕೈ ಊರಬೇಡ."

ಅವನು ಅಡುಗೆಮನೆ ಬೆಂಚಿನ ಮೇಲೆ ಮಗು ಥರ ಮಲಗಿದ್ದ. ಬೆಳಿಗ್ಗೆ ಎದ್ದು ಬೆಂಚು ಒರೆಸಿ, ಟೋಪಿ ಹಾಕ್ಕೊಂಡು, ಒಂದು ನಿಟ್ಟುಸಿರು ಬಿಟ್ಟು ಹಾಲ್‌ಗೆ ಹೆಜ್ಜೆ ಇಟ್ಟ. ಇಟ್ಟ ತಕ್ಷಣ ಹೋಫ್ರಾಟ್ ಆದ್ರು. ನಾನು ತಲೆ ಬಾಗಿಸಿದೆ, ಅವರು ತಲೆ ಆಡಿಸಿದ್ರು. ಬ್ಯಾಡ್ಜ್ ಉಳೀತು.

"ಸಾಹೇಬ್ರೆ, ಬೋರ್ಡು?" ಅಂದೆ.

"ಅಳತೆ ಫಲಕವನ್ನು ಸ್ಥಳಾಂತರಿಸುವುದು ಶಿಕ್ಷಾರ್ಹ" ಅಂತ ಹೇಳಿ ಬಸ್ ಹತ್ತಿದ್ರು.

ಆಮೇಲಿಂದೂ ಕೇಳಿ. ಇಲಾಖೆಯ ಆದೇಶ ಬಂತು: ಓಡ್‌ಕಾರ್ ಊರು ಸಾವಿರ ಮೀಟರಿನಲ್ಲಿದೆ. ಊರು ಮೇಲೇರಿದ ಮೇಲೆ ಶಿಖರ ಅಲ್ಲೇ ಇದ್ರೆ ಅನ್ಯಾಯ ಅಂತ ಅದನ್ನೂ ಅಷ್ಟೇ ಏರಿಸಿದ್ರು. ಮಂಜಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ದನ ಸಾಕೋರೆಲ್ಲ ಎತ್ತರ ಪ್ರದೇಶದ ಸಹಾಯಧನಕ್ಕೆ ಅರ್ಹರಾದ್ರು, ಹಾಗಾಗಿ ಊರಲ್ಲಿ ಒಬ್ಬರಿಗೂ ಆಕ್ಷೇಪಣೆ ಇರಲಿಲ್ಲ. ಆದ್ರೆ ನಮ್ಮ ಪಕ್ಕದೂರು ಹಳೇ ಎತ್ತರದಲ್ಲೇ ಉಳೀತಲ್ಲ. ಆದ್ದರಿಂದ ಈಗ ಅಧಿಕೃತವಾಗಿ ನಮ್ಮ ಹಿತ್ತಲಿಂದ ಆಚೆಗೆ ಭಾರಿ ಪ್ರಪಾತ ಇದೆ. ನನ್ನ ಆಲೂಗಡ್ಡೆ ಪಾತಿ ಇರೋದು ಆ ಪ್ರಪಾತದಲ್ಲೇ. ಕಿರುಗುಂಪಿನ ಪ್ರವಾಸ ಈಗ ಅಲ್ಲಿಂದಲೇ ಶುರು. ಎಂಟು ಜನಕ್ಕೂ ಹಗ್ಗ ಕಟ್ಟಿ, ಹೆಲ್ಮೆಟ್ ಹಾಕಿಸಿ, ಆಲೂಗಡ್ಡೆ ಸಾಲು ದಾಟಿಸ್ತೀನಿ. ಕೆಲವರಿಗೆ ತಲೆ ಸುತ್ತು ಬರುತ್ತೆ. ಫ್ರೌ ಪ್ರೊಫೆಸರ್ ಈ ವರ್ಷ ಮತ್ತೆ ಬಂದಿದ್ರು, ಹಗ್ಗ ಇನ್ನೊಂಚೂರು ಬಿಗಿ ಕಟ್ಟು ಅಂದ್ಲು.

ಬ್ಯಾಡ್ಜ್ ನವೀಕರಣ ಆಗಿ ಕೈಗೆ ಬಂದ ದಿನ ಅದನ್ನ ಎದೆಗೆ ಚುಚ್ಕೊಂಡು ಇದೇ ಹಾಲ್‌ನಲ್ಲಿ, ಇದೇ ಕುರ್ಚಿ ಮೇಲೆ ಕಾಲು ಚಾಚಿ ಕೂತೆ. ಭಾವಮೈದನ ಏಪ್ರನ್ ತಪ್ಪಿತಲ್ಲ ಅನ್ನೋ ನೆಮ್ಮದಿ. "ಬುರ್ಗಿ, ಒಂದು ಕಾಫಿ ಕೊಡೇ" ಅಂತ ಕೂಗ್ದೆ.

ಅಡುಗೆಮನೆಯಿಂದ ನೋಟ್‌ಬುರ್ಗಾ ಬಾಗಿಲವರೆಗೆ ಬಂದು, ಸರಿಯಾಗಿ ಬೋರ್ಡಿನ ನೇರಕ್ಕೆ ನಿಂತ್ಕೊಂಡ್ಲು. ಕೈಲಿ ಒಂದು ಏಪ್ರನ್ ಇತ್ತು. ಅಣ್ಣನ ಮನೆಯಿಂದ ತರಿಸ್ಕೊಂಡಿದ್ಲು ಅಂತ ಕಾಣುತ್ತೆ, ನನ್ನ ಅಳತೆಯದ್ದೇ.

"ಮಾನ್ಯ ಗೆಬ್‌ಹಾರ್ಡ್ ಅವರೇ," ಅಂದ್ಲು, "ಅಲ್ಲಿ ಕೂತಿರೋವರೆಗೆ ತಾವು ದೊಡ್ಡವರು, ತಮಗೆ ಕಾಫಿ ಕೊಡೋಷ್ಟು ಯೋಗ್ಯತೆ ನಮಗಿಲ್ಲ. ಕಾಫಿ ಬೇಕಾದ್ರೆ ಈ ಕಡೆ ಬಾ. ಬಂದವನು ಮೊದಲು ಪಾತ್ರೆ ತೊಳಿ."